ಹೊಸ ಬೇಸ್‌ಬಾಲ್ ಮೈದಾನದ ಎದುರು ತಿಂಡಿ ಅಂಗಡಿ ಹಾಕಬಹುದೇ?

ನಿಮ್ಮ ಪ್ರಶ್ನೆಯಲ್ಲಿರುವ ಊರಿನ ಹೆಸರನ್ನು ಅಳಿಸಿ ಅಲ್ಲಿ ಹಾರ್ಟ್‌ಫರ್ಡ್ ಎಂದು ಬರೆದರೆ, 2015ರಲ್ಲಿ ನಾನು ಕಂಡಕಂಡವರನ್ನೆಲ್ಲ ಕೇಳುತ್ತಿದ್ದ ಪ್ರಶ್ನೆಯೇ ಅದಾಗುತ್ತದೆ. ಊರಿಗೆ ಮೈನರ್ ಲೀಗ್, ಅಂದರೆ ಬೇಸ್‌ಬಾಲ್‌ನ ಕೆಳದರ್ಜೆಯ ವೃತ್ತಿಪರ ಲೀಗಿನ ತಂಡ ಬರುತ್ತಿದೆ, ಮೈದಾನದ ಕೆಲಸ ಭರದಿಂದ ಸಾಗಿದೆ, ಸಮೀಪದ ಅಂಗಡಿಯೊಂದು ಐದು ವರ್ಷಗಳ ಕರಾರಿಗೆ ಸಿಗುತ್ತಿದೆ, ದೋಸೆ ಇಡ್ಲಿ ಮಾರಿದರೆ ವ್ಯಾಪಾರ ಕುದುರೀತೇ, ಪರಿಚಯ ಬೆಳೆಯಲೆಂದು ಸೀಸನ್ ಟಿಕೆಟನ್ನೂ ಕೊಳ್ಳಬೇಕೇ ಎಂದು ಕೇಳಿದ್ದೀರಿ. ನಾನೂ ನನ್ನ ಷಡ್ಡಕರೂ ಸೇರಿ ಅಂಥದೇ ಅಂಗಡಿ ಹಾಕಿದೆವು ಮತ್ತು ಮುಚ್ಚಿದೆವು.

ಹಾರ್ಟ್‌ಫರ್ಡ್ ಅಮೆರಿಕದ ಕನೆಕ್ಟಿಕಟ್ ರಾಜ್ಯದ ರಾಜಧಾನಿ. ಜನಸಂಖ್ಯೆ ಸುಮಾರು 1.2 ಲಕ್ಷ, ಅಂದರೆ ನಮ್ಮ ಕಡೆಯ ಒಂದು ಸಾಧಾರಣ ಜಿಲ್ಲಾ ಕೇಂದ್ರದಷ್ಟು. ದೊಡ್ಡ ದೊಡ್ಡ ವಿಮಾ ಕಂಪನಿಗಳ ಊರಾದ್ದರಿಂದ, ಆ ಕಂಪನಿಗಳ ಸಾಫ್ಟ್‌ವೇರ್ ಕೆಲಸಕ್ಕೆಂದು ಬೆಂಗಳೂರು, ಮೈಸೂರು ಕಡೆಯಿಂದ ಬಂದ ನನ್ನಂಥವರು ಇಲ್ಲಿ ಸಾಕಷ್ಟು ಮಂದಿ ಇದ್ದೇವೆ. ಆದರೆ ನಾವೆಲ್ಲ ವಾಸಿಸುವುದು ರಾಕಿ ಹಿಲ್, ಸೌತ್ ವಿಂಡ್ಸರ್‌ನಂಥ ಹೊರವಲಯದ ಊರುಗಳಲ್ಲಿ. ಸಂಜೆ ಐದಾಯಿತೆಂದರೆ ಕಾರುಗಳೆಲ್ಲ ಹೆದ್ದಾರಿ ಹತ್ತುತ್ತವೆ, ನಗರದ ನಡುಭಾಗ ಬಿಕೋ ಎನ್ನುತ್ತದೆ. ಊರಿಗೆ ತನ್ನದೆಂದು ಹೇಳಿಕೊಳ್ಳಲು ವೇಲರ್ಸ್ ಎಂಬ ಐಸ್ ಹಾಕಿ ತಂಡವೊಂದಿತ್ತು. 1997ರಲ್ಲಿ ಅದೂ ಗಂಟುಮೂಟೆ ಕಟ್ಟಿಕೊಂಡು ನಾರ್ತ್ ಕ್ಯಾರೊಲೈನಾಕ್ಕೆ ಹೊರಟುಹೋಯಿತು. ಹಳೆಯ ತಲೆಮಾರಿನವರು ಈಗಲೂ ಅದರ ಹಸಿರು-ನೀಲಿ ಅಂಗಿಯನ್ನು ತೊಟ್ಟು ತಿರುಗುತ್ತಾರೆ. 2014ರಲ್ಲಿ ಅಂದಿನ ಮೇಯರ್ ಪೆಡ್ರೊ ಸೆಗಾರ ಅವರು, ಸುಮಾರು 15 ಕಿಲೋಮೀಟರ್ ದೂರದ ನ್ಯೂ ಬ್ರಿಟನ್ ಊರಿನ ರಾಕ್ ಕ್ಯಾಟ್ಸ್ ತಂಡವನ್ನು ಹಾರ್ಟ್‌ಫರ್ಡಿಗೆ ಕರೆತರುವುದಾಗಿ ಪ್ರಕಟಿಸಿದಾಗ ಊರಿನ ಒಂದು ಪಾಲು ಜನರಿಗೆ ಹಬ್ಬವೇ ಆಯಿತು. ತಂಡಕ್ಕೆ ಯಾರ್ಡ್ ಗೋಟ್ಸ್ ಎಂಬ ಹೊಸ ಹೆಸರು ಬಂತು, ಬಣ್ಣ ಮಾತ್ರ ಅದೇ ಹಸಿರು-ನೀಲಿ. ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗ್‌ಗಿಂತ ಎರಡು ಮೆಟ್ಟಿಲು ಕೆಳಗಿರುವ ಡಬಲ್-ಎ ದರ್ಜೆಯ ತಂಡ ಅದು, ಕೊಲರಾಡೊ ರಾಕೀಸ್ ಎಂಬ ಮೇಜರ್ ಲೀಗ್ ಕ್ಲಬ್ಬಿನ ಅಂಗಸಂಸ್ಥೆ. ಮೈದಾನದ ಹೆಸರಿನ ಹಕ್ಕನ್ನು ಡಂಕಿನ್ ಡೋನಟ್ಸ್ ಕೊಂಡಿತು. ಕಾಫಿ ಕಂಪನಿಯ ಹೆಸರು ಹೊತ್ತ ಮೈದಾನದ ನೆರಳಿನಲ್ಲಿ ಫಿಲ್ಟರ್ ಕಾಫಿ ಮಾರಲು ಹೊರಟವರು ನಾವು!

ನನ್ನನ್ನು ನೆಲಕ್ಕೆ ಕೆಡವಿದ ತಪ್ಪು ಯಾವುದೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ. 2015ರ ಶರತ್ಕಾಲದಲ್ಲಿ ನಾವು ಕರಾರಿಗೆ ಸಹಿ ಹಾಕಿದೆವು. ಮೊದಲ ಪಂದ್ಯ 2016ರ ಏಪ್ರಿಲ್‌ನಲ್ಲಿ ಎಂದು ಊರಿಗೆಲ್ಲ ಗೊತ್ತಿದ್ದುದರಿಂದ, ಬಾಡಿಗೆ ಏಪ್ರಿಲ್ 1ರಿಂದ ಆರಂಭವಾಗುತ್ತದೆ ಎಂಬ ಸಾಲನ್ನು ನಾನು ಎರಡನೆಯ ಬಾರಿ ಓದಲೂ ಇಲ್ಲ. ಅಲ್ಲಿ ಇರಬೇಕಾಗಿದ್ದ ಸಾಲು ಬೇರೆ: ಮೈದಾನದಲ್ಲಿ ಮೊದಲ ಅಧಿಕೃತ ಪಂದ್ಯ ನಡೆದ ದಿನದಿಂದ ಬಾಡಿಗೆ ಆರಂಭವಾಗತಕ್ಕದ್ದು, ಇಂತಿಷ್ಟು ತಿಂಗಳೊಳಗೆ ಪಂದ್ಯ ನಡೆಯದಿದ್ದರೆ ಬಾಡಿಗೆದಾರನು ಕರಾರಿನಿಂದ ಹೊರಬರಬಹುದು. ಇಷ್ಟನ್ನು ಬರೆಸಿಕೊಳ್ಳಲು ವಕೀಲರಿಗೆ ಒಂದು ತಾಸಿನ ಕೆಲಸವೂ ಇರಲಿಲ್ಲ. ವರ್ಷಗಳಿಂದ ಖಾಲಿ ಬಿದ್ದಿದ್ದ ಜಾಗವಾದ್ದರಿಂದ ಮಾಲೀಕರು ಒಪ್ಪಿಯೂ ಒಪ್ಪುತ್ತಿದ್ದರೇನೋ. ನಾನು ಕೇಳಲೇ ಇಲ್ಲ. ಪಂದ್ಯಗಳ ವೇಳಾಪಟ್ಟಿಯಲ್ಲಿ ಅಚ್ಚಾದ ದಿನಾಂಕವೇ ಬೇರೆ, ಕಟ್ಟಡದ ಕೆಲಸ ಬಹುಪಾಲು ಮುಗಿಯಬೇಕಾದ ದಿನಾಂಕವೇ ಬೇರೆ, ಜನರನ್ನು ಒಳಗೆ ಬಿಡಬಹುದೆಂದು ನಗರಾಡಳಿತ ಪ್ರಮಾಣಪತ್ರ ಕೊಡುವ ದಿನಾಂಕವೇ ಬೇರೆ. ಈ ಮೂರನ್ನೂ ಒಂದೇ ಎಂದು ತಿಳಿದುಕೊಂಡು, ದೊಡ್ಡ ಗ್ರೈಂಡರ್, ದೋಸೆ ಕಾವಲಿ, ಅದರ ಮೇಲೆ ಹೊಗೆ ಎಳೆಯುವ ಹುಡ್ ಎಲ್ಲವನ್ನೂ ಕಂತಿನ ಮೇಲೆ ತಂದೆವು. ಸಾಲದ್ದಕ್ಕೆ, ಬಾಡಿಗೆಗೆ ನನ್ನ ವೈಯಕ್ತಿಕ ಜಾಮೀನನ್ನೂ ಬರೆದುಕೊಟ್ಟಿದ್ದೆ. ಅಂಗಡಿ ಮುಳುಗಿದರೂ ಬಾಡಿಗೆ ಮುಳುಗದಂತೆ ನೋಡಿಕೊಳ್ಳುವ ಕಾಗದ ಅದು.

ಅದೇ ಡಿಸೆಂಬರ್‌ನಲ್ಲಿ, ಮೈದಾನದ ವೆಚ್ಚ ಅಂದಾಜಿಗಿಂತ ಸುಮಾರು 1 ಕೋಟಿ ಡಾಲರ್ ಹೆಚ್ಚಾಗಿದೆ, ಕೆಲಸವೂ ಏಪ್ರಿಲ್‌ಗೆ ಮುಗಿಯುವುದಿಲ್ಲ ಎಂಬ ಸುದ್ದಿ ಬಂತು. ಹೊಸ ಗಡುವು ಮೇ 17 ಎಂದಾಯಿತು, ಅದೂ ಮೀರಿತು. ಜನವರಿಯಲ್ಲಷ್ಟೇ ಅಧಿಕಾರ ವಹಿಸಿಕೊಂಡಿದ್ದ ಹೊಸ ಮೇಯರ್ ಲ್ಯೂಕ್ ಬ್ರೋನಿನ್ ಅವರ ಆಡಳಿತ ಜೂನ್‌ನಲ್ಲಿ ಗುತ್ತಿಗೆದಾರರನ್ನೇ ಕೈಬಿಟ್ಟಿತು. ವಿಷಯ, ಗುತ್ತಿಗೆದಾರರ ಕೆಲಸಕ್ಕೆ ಜಾಮೀನು ನಿಂತಿದ್ದ ವಿಮಾ ಕಂಪನಿಗೂ ನ್ಯಾಯಾಲಯಕ್ಕೂ ಹೋಯಿತು. ಯಾರ್ಡ್ ಗೋಟ್ಸ್ ತಂಡ 2016ರ ಇಡೀ ಋತುವನ್ನು ಪರವೂರುಗಳಲ್ಲೇ ಆಡಿತು. ತವರಿನ ಪಂದ್ಯಗಳೆಂದು ಹೆಸರಿದ್ದ ಕೆಲವನ್ನು ನಾರ್ವಿಚ್ ಎಂಬ ಊರಿನ ಮೈದಾನದಲ್ಲಿ ಆಡಿಸಿದರು. ತವರೇ ಇಲ್ಲದ ಆ ತಂಡದಲ್ಲಿ ಕೈಲ್ ಫ್ರೀಲ್ಯಾಂಡ್, ರಯನ್ ಮೆಕ್‌ಮಹನ್ ಅವರಂಥ ಮುಂದೆ ಮೇಜರ್ ಲೀಗ್ ತಲುಪಿದ ಹುಡುಗರಿದ್ದರು. ಇತ್ತ ನಾವು ಬೀಗ ಹಾಕಿದ ಮೈದಾನದ ಬಳಿ ಅಂಗಡಿಯ ಬಾಗಿಲು ತೆರೆದುಕೊಂಡು, ಮಧ್ಯಾಹ್ನ ಊಟಕ್ಕೆ ಬರುವ ಕೆಲವು ಕಚೇರಿಯವರಿಗೆ ಪುಳಿಯೋಗರೆ ಕಟ್ಟಿಕೊಡುತ್ತ, ತಿಂಗಳು ತಿಂಗಳೂ ಕೈಯಿಂದ ಬಾಡಿಗೆ ತೆತ್ತೆವು.

ಕಡೆಗೂ 2017ರ ಏಪ್ರಿಲ್ 13ರಂದು ಮೈದಾನ ತೆರೆಯಿತು. ವೆಚ್ಚ ಸುಮಾರು 7.1 ಕೋಟಿ ಡಾಲರ್ ಮುಟ್ಟಿತ್ತು, ಆಸನಗಳು ಆರು ಸಾವಿರದ ಚಿಲ್ಲರೆ. ಜನ ಬಂದರು, ನಿಜವಾಗಿಯೂ ಕಿಕ್ಕಿರಿದು ಬಂದರು. ಆ ಋತುವಿನಲ್ಲಿ ಸುಮಾರು 4 ಲಕ್ಷ ಪ್ರೇಕ್ಷಕರು, ಎಷ್ಟೋ ಸಂಜೆ ಟಿಕೆಟ್ ಪೂರ್ತಿ ಖಾಲಿ. ಅವರೆಲ್ಲ ನಮ್ಮ ಅಂಗಡಿಯ ಮುಂದೆಯೇ ಹಾದು ಒಳಗೆ ಹೋದರು, ರಾತ್ರಿ ನಿದ್ದೆಗಣ್ಣಿನ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ನಮ್ಮ ಮುಂದೆಯೇ ಹಾದು ಕಾರು ಹತ್ತಿದರು. ಮೈದಾನ ಸಿದ್ಧವಾಗುವುದಷ್ಟೇ ಬಾಕಿ, ಗಿರಾಕಿಗಳು ತಾವಾಗಿ ಬರುತ್ತಾರೆ ಎಂಬ ನನ್ನ ಲೆಕ್ಕ ಬುಡದಲ್ಲೇ ತಪ್ಪಾಗಿತ್ತೆಂದು ಆಗ ಅರ್ಥವಾಯಿತು.

ಈ ಆಟದ ಹಣಕಾಸನ್ನು ನೀವು ತಿಳಿದಿರಬೇಕು. ಮೈನರ್ ಲೀಗ್ ಆಟಗಾರರ ಸಂಬಳವನ್ನು ಕೊಡುವುದು ಮೇಲಿನ ಮೇಜರ್ ಲೀಗ್ ಕ್ಲಬ್. ಯಾರನ್ನು ಆಡಿಸಬೇಕು, ಯಾರನ್ನು ಮೇಲಕ್ಕೆ ಕರೆಸಿಕೊಳ್ಳಬೇಕು ಎಂಬುದನ್ನು ತೀರ್ಮಾನಿಸುವುದೂ ಅದೇ. ಊರಿನ ತಂಡದ ಮಾಲೀಕರಿಗೆ ಉಳಿಯುವುದು ಟಿಕೆಟ್, ಜಾಹೀರಾತು, ಟೋಪಿ-ಅಂಗಿಗಳ ಮಾರಾಟ, ಎಲ್ಲಕ್ಕಿಂತ ಮುಖ್ಯವಾಗಿ ಒಳಗೆ ಮಾರುವ ಊಟ ಮತ್ತು ಬಿಯರ್. ಆದ್ದರಿಂದ ಹೊಸ ಮೈದಾನಗಳನ್ನು ಕಟ್ಟುವುದೇ ಬಂದವರು ಹೊರಗೆ ಕಾಲಿಡದಂತೆ: ಆಟ ನೋಡುತ್ತಲೇ ಸುತ್ತ ಒಂದು ಪ್ರದಕ್ಷಿಣೆ ಹಾಕಬಹುದಾದ ಅಗಲದ ಓಣಿ, ಹೆಜ್ಜೆ ಹೆಜ್ಜೆಗೂ ತಿಂಡಿಯ ಕಿಟಕಿ, ಮಕ್ಕಳಿಗೆ ಆಟದ ಜಾಗ, ವಾರಾಂತ್ಯದಲ್ಲಿ ಸಿಡಿಮದ್ದು. ಹಸಿದು ಬಂದವನು ಒಳಗೇ ತಿನ್ನಲಿ ಎಂಬುದೇ ಆ ವ್ಯವಹಾರದ ತಿರುಳಾಗಿರುವಾಗ ಹೊರಗಿನ ಅಂಗಡಿಗೆ ಉಳಿಯುವುದೇನು? ಇನ್ನು ತವರಿನ ಪಂದ್ಯಗಳು ವರ್ಷಕ್ಕೆ ಸುಮಾರು 70 ಮಾತ್ರ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಏಪ್ರಿಲ್‌ನ ಸಂಜೆಗಳು ಇಲ್ಲಿ ಹಲ್ಲು ಕಟಕಟಿಸುವಷ್ಟು ಚಳಿ. ಬಾಡಿಗೆಯನ್ನು ಮಾತ್ರ 12 ತಿಂಗಳೂ ಕಟ್ಟಬೇಕು. ಮದುವೆ ಛತ್ರದ ಎದುರು ಹೋಟೆಲು ಇಟ್ಟ ಹಾಗೆ ನಮ್ಮ ಪಾಡು. ಜನಕ್ಕೇನೋ ಬರವಿಲ್ಲ, ಆದರೆ ಎಲ್ಲರೂ ಒಳಗೇ ಉಂಡು ಬರುವವರು.

ಮೈದಾನದ ಸುತ್ತಲೂ ಮನೆಗಳು, ಅಂಗಡಿಗಳು ಎದ್ದು ಹೊಸ ಬಡಾವಣೆಯೇ ಆಗುತ್ತದೆ ಎಂಬ ನಕ್ಷೆಯನ್ನು ನಿಮಗೂ ತೋರಿಸಿರುತ್ತಾರೆ. ನಮಗೂ ತೋರಿಸಿದ್ದರು. ಅಂತರರಾಜ್ಯ ಹೆದ್ದಾರಿ 84 ನಗರದ ಉತ್ತರ ಭಾಗವನ್ನು ನಡುಭಾಗದಿಂದ ಕತ್ತರಿಸಿಹಾಕಿದೆ. ಆ ಗಾಯದ ಅಂಚಿನಲ್ಲಿ ಕಾರು ನಿಲ್ಲಿಸುವ ಬಯಲುಗಳಷ್ಟೇ ಇದ್ದವು, ಅಲ್ಲಿ ಊರನ್ನು ಮತ್ತೆ ಹೊಲಿಯುವುದು ಯೋಜನೆಯ ಉದ್ದೇಶವಾಗಿತ್ತು. ಆದರೆ ಗುತ್ತಿಗೆದಾರರ ಜೊತೆಗಿನ ವ್ಯಾಜ್ಯದಿಂದಾಗಿ ಅಕ್ಕಪಕ್ಕದ ಜಾಗಗಳು ವರ್ಷಗಟ್ಟಲೆ ಹಾಗೆಯೇ ಬಿದ್ದಿದ್ದವು. 2019ರಲ್ಲಿ ನಗರದ ಪರವಾಗಿ ಬಂದ ತೀರ್ಪನ್ನು 2022ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು, ಪ್ರಕರಣ ಕೊನೆಗೆ ರಾಜಿಯಲ್ಲಿ ಮುಗಿಯಿತು. ಮೊದಲ ದೊಡ್ಡ ವಸತಿ ಕಟ್ಟಡಕ್ಕೆ ಜನ ಬಂದದ್ದು 2022ರಲ್ಲಿ. ನಾವು ಅಂಗಡಿ ಮುಚ್ಚಿ ಆಗಲೇ ಹಲವು ವರ್ಷಗಳಾಗಿದ್ದವು. ಮೈದಾನದಲ್ಲಿ ಖರ್ಚಾಗುವ ಹಣ ಬಹುಪಾಲು ಆ ಊರಿನವರೇ ಸಿನಿಮಾಕ್ಕೋ ಹೋಟೆಲಿಗೋ ಕೊಡುತ್ತಿದ್ದ ಹಣ, ಹೊಸದಾಗಿ ಹುಟ್ಟಿದ್ದಲ್ಲ ಎಂದು ಕ್ರೀಡಾ ಅರ್ಥಶಾಸ್ತ್ರಜ್ಞರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ನಾನು ಅದನ್ನು ಓದಿದ್ದು ಅಂಗಡಿಯ ಸಾಮಾನು ಮಾರಿದ ಮೇಲೆ.

ಇಷ್ಟಾದರೂ ಮೈದಾನವನ್ನು ಬೈಯುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಅಂಗಡಿ ಮುಚ್ಚಿದ ಮೇಲಿನ ಬೇಸಿಗೆಯಲ್ಲಿ ಮಗಳ ಒತ್ತಾಯಕ್ಕೆ ಪಂದ್ಯಕ್ಕೆ ಹೋದೆ. ಪಕ್ಕದ ಆಸನದಲ್ಲಿ ವೇಲರ್ಸ್ ಅಂಗಿ ತೊಟ್ಟ ಹಿರಿಯರೊಬ್ಬರು ತೊಡೆಯ ಮೇಲೆ ಸ್ಕೋರ್ ಪುಸ್ತಕ ಇಟ್ಟುಕೊಂಡು ಮೋಟು ಪೆನ್ಸಿಲಿನಿಂದ ಪ್ರತಿಯೊಂದು ಎಸೆತದ ಫಲವನ್ನೂ ಬರೆದುಕೊಳ್ಳುತ್ತಿದ್ದರು. ಬೀಸಿದ ಬ್ಯಾಟಿಗೆ ಚೆಂಡು ಸಿಗದೆ ಔಟಾದವನಿಗೆ ಒಂದು ಇಂಗ್ಲಿಷ್ ಕೆ, ಬ್ಯಾಟು ಬೀಸದೆ ನಿಂತು ನೋಡುತ್ತಲೇ ಔಟಾದವನಿಗೆ ಅದೇ ಕೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ. ಚೆಂಡು ಶಾರ್ಟ್‌ಸ್ಟಾಪ್ ಎಂಬ ಕ್ಷೇತ್ರರಕ್ಷಕನ ಕೈಯಿಂದ ಎರಡನೆಯ ಬೇಸ್‌ಗೆ, ಅಲ್ಲಿಂದ ಒಂದನೆಯ ಬೇಸ್‌ಗೆ ಹೋಗಿ ಇಬ್ಬರು ಒಟ್ಟಿಗೆ ಔಟಾದಾಗ ಆ ಮೂವರು ಕ್ಷೇತ್ರರಕ್ಷಕರ ಸ್ಥಾನಸಂಖ್ಯೆಗಳನ್ನು 6-4-3 ಎಂದು ಬರೆದು, ಪೆನ್ಸಿಲನ್ನು ಮಗಳ ಕೈಗೆ ಕೊಟ್ಟು ಮುಂದಿನದನ್ನು ನೀನು ಬರೆ ಎಂದರು. ಎದುರಿನ ಸಾಲಿನಲ್ಲಿ ಉತ್ತರ ಭಾಗದ ಬಡಾವಣೆಯ ಕುಟುಂಬ, ಹಿಂದೆ ನನ್ನ ಕಚೇರಿಯ ಮೇಲಧಿಕಾರಿ, ಮೆಟ್ಟಿಲ ಬಳಿ ಮೇಕೆಯ ವೇಷದವನ ಜೊತೆ ಫೋಟೊ ತೆಗೆಸಿಕೊಳ್ಳಲು ಸಾಲುಗಟ್ಟಿದ ಮಕ್ಕಳು. ಐದು ಗಂಟೆಗೆ ಖಾಲಿಯಾಗುತ್ತಿದ್ದ ಆ ಊರಿನಲ್ಲಿ ರಾತ್ರಿ ಒಂಬತ್ತಕ್ಕೆ ಇಷ್ಟು ಬಗೆಯ ಜನ ಒಟ್ಟಿಗೆ ಕೂತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. 2019ರಿಂದ ಅಲ್ಲಿ ನೆಲಗಡಲೆಯನ್ನು ಪೂರ್ತಿ ನಿಲ್ಲಿಸಿದ್ದಾರೆ, ಅಲರ್ಜಿ ಇರುವ ಮಕ್ಕಳೂ ಬರಲೆಂದು. ಬೇಸ್‌ಬಾಲ್ ಎಂದರೆ ಕಡಲೆಕಾಯಿ ಎನ್ನುವ ದೇಶದಲ್ಲಿ ಅದು ಸಣ್ಣ ತೀರ್ಮಾನವಲ್ಲ.

ಹೆಮ್ಮೆ ಇದ್ದಲ್ಲಿ ವ್ಯಾಪಾರವೂ ಇರುತ್ತದೆ ಎಂದು ನಿಮ್ಮ ಪ್ರಶ್ನೆ ಮೊದಲೇ ಒಪ್ಪಿಕೊಂಡುಬಿಟ್ಟಿದೆ. ನನಗೆ ತಕರಾರಿರುವುದು ಅಲ್ಲಿ. ಊರಿನವರು ಮೈದಾನವನ್ನು ಉದ್ಯಾನವನದಂತೆ, ಗ್ರಂಥಾಲಯದಂತೆ ಬಯಸಿ ತೆರಿಗೆ ಕೊಡುವುದಾದರೆ ಕೊಡಲಿ, ಆದರೆ ಅದು ಹಣ ಗಳಿಸಿಕೊಡುತ್ತದೆಂಬ ಮಾತಿನ ಮೇಲೆ ಬೇಡ. ಹಾರ್ಟ್‌ಫರ್ಡ್ ನಗರವು ಮೈದಾನ ತೆರೆದ ವರ್ಷವೇ ದಿವಾಳಿಯ ಅಂಚಿಗೆ ಬಂದಿತ್ತು, ಮರುವರ್ಷ ರಾಜ್ಯ ಸರ್ಕಾರ ಅದರ 50 ಕೋಟಿ ಡಾಲರ್‌ಗೂ ಮೀರಿದ ಸಾಲದ ಹೊರೆಯನ್ನು ಹೊತ್ತುಕೊಳ್ಳಬೇಕಾಯಿತು. ಅದಕ್ಕೆ ಮೈದಾನವೊಂದೇ ಕಾರಣವಲ್ಲ, ಆದರೆ ಅಂಥ ಹೊತ್ತಿನಲ್ಲಿ ಕಟ್ಟಿದ್ದು ಎಂಬುದನ್ನು ಮರೆಯಲಾಗದು. ತಂಡ ಎಲ್ಲಿಂದ ಬರುತ್ತಿದೆ ಎಂಬುದನ್ನೂ ವಿಚಾರಿಸಿ. ನಮಗೆ ತಂಡ ಬಂದ ವರ್ಷ ನ್ಯೂ ಬ್ರಿಟನ್ ತನ್ನ ಡಬಲ್-ಎ ತಂಡವನ್ನು ಕಳೆದುಕೊಂಡಿತು. ನಮಗೆ ಮೈದಾನ ಸಾಲ ಕೊಟ್ಟ ನಾರ್ವಿಚ್, 2021ರಲ್ಲಿ ಮೈನರ್ ಲೀಗ್ ಅನ್ನು 120 ತಂಡಗಳಿಗೆ ಇಳಿಸಿದಾಗ ಪಟ್ಟಿಯಿಂದಲೇ ಹೊರಬಿತ್ತು.

ಹಾಗಾಗಿ ಆ ಅಂಗಡಿಯನ್ನು ಹಿಡಿಯಬೇಡಿ. ನಿಮ್ಮ ದೋಸೆಯ ರುಚಿ ಬಲ್ಲವರು ವಾಸಿಸುವ ಬಡಾವಣೆಯಲ್ಲಿ, ಕಿರಾಣಿ ಅಂಗಡಿಯ ಪಕ್ಕದಲ್ಲಿ, ವರ್ಷವಿಡೀ ನಡೆಯುವ ಜಾಗ ಹುಡುಕಿ. ಮೈದಾನದ ಆಸೆ ಬಿಡದಿದ್ದರೆ, ಒಳಗಿನ ತಿಂಡಿಯ ವ್ಯವಸ್ಥೆ ಯಾರ ಕೈಯಲ್ಲಿದೆಯೆಂದು ತಂಡದ ಕಚೇರಿಯಲ್ಲಿ ಕೇಳಿ, ಸ್ಥಳೀಯರಿಗೆ ಕಿಟಕಿಯೊಂದನ್ನು ಕೊಡುತ್ತಾರೆಯೇ ವಿಚಾರಿಸಿ. ಮಾರಾಟದ ಮೇಲೆ ದೊಡ್ಡ ಪಾಲನ್ನೇ ಕೇಳಿಯಾರು, ಆದರೆ ಪಂದ್ಯ ಇಲ್ಲದ ದಿನ ನಿಮಗೆ ಬಾಡಿಗೆಯೂ ಇರುವುದಿಲ್ಲ. ಇಷ್ಟು ಹೇಳಿದ ಮೇಲೂ ಎದುರಿನ ಅಂಗಡಿಯೇ ಬೇಕೆಂದರೆ, ಬಾಡಿಗೆ ಆರಂಭದ ಸಾಲನ್ನು ಮೊದಲ ಪಂದ್ಯಕ್ಕೆ ಕಟ್ಟಿಹಾಕಿಸದೆ, ವೈಯಕ್ತಿಕ ಜಾಮೀನಿಗೆ ಒಂದು ಮಿತಿ ಹಾಕಿಸದೆ ಸಹಿ ಹಾಕಬೇಡಿ.

ಸೀಸನ್ ಟಿಕೆಟ್ ಈ ವರ್ಷಕ್ಕೆ ಬೇಡ. ಆರಂಭದ ಸಂಭ್ರಮ ಮುಗಿದ ಮೇಲೆ ವಾರದ ನಡುವಿನ ಪಂದ್ಯಗಳಿಗೆ ಟಿಕೆಟ್ ಸಲೀಸಾಗಿ ಸಿಗುತ್ತದೆ. ಮಂಗಳವಾರವೋ ಬುಧವಾರವೋ ಮಕ್ಕಳನ್ನು ಕರೆದುಕೊಂಡು ಹೋಗಿ, ಯಾವ ಆಟಗಾರನ ಹೆಸರಿನ ಅಂಗಿಯನ್ನೂ ಕೊಳ್ಳಬೇಡಿ. ಚೆನ್ನಾಗಿ ಆಡುವವನನ್ನು ಜೂನ್ ಒಳಗೆ ಮೇಲಿನ ಊರಿಗೆ ಕರೆಸಿಕೊಂಡಿರುತ್ತಾರೆ.