ಬರುವವರು ಜಾಸ್ತಿ, ಉಳಿಯುವವರು ಕಡಿಮೆ

ಅಭಿವೃದ್ಧಿ ಹೊಂದುತ್ತಿರುವ ದೇಶದ ಪ್ರವಾಸೋದ್ಯಮಕ್ಕೆ ಬಲ ಯಾವುದು, ಕೊರತೆ ಯಾವುದು, ಭಾರತವನ್ನೇ ಇಟ್ಟುಕೊಂಡು ಹೇಳಿ ಅಂತ ಕೇಳಿದ್ದೀರಿ. ಕಾಲೇಜಿನ ಪ್ರಾಜೆಕ್ಟಿಗೆ ಬೇಕು ಅಂತಲೂ ಬರೆದಿದ್ದೀರಿ. ನಾನು ಮೈಸೂರಿನಲ್ಲಿ ಸಣ್ಣದೊಂದು ಲಾಡ್ಜ್ ನಡೆಸುತ್ತೇನೆ. ನಮ್ಮ ಮೂಲ ಊರು ಶ್ರೀರಂಗಪಟ್ಟಣದ ಹತ್ತಿರ. ಹಾಗಾಗಿ ಈ ಎರಡು ಜಿಲ್ಲೆಯಲ್ಲಿ ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ.

ಚಿಕ್ಕದಾಗಿ ಹೇಳುವುದಾದರೆ, ಜನರನ್ನು ಕರೆಸುವ ಶಕ್ತಿ ನಮಗೆ ಬೇಕಾದಷ್ಟಿದೆ. ಬಂದವರನ್ನು ಒಂದು ರಾತ್ರಿ ಉಳಿಸಿಕೊಳ್ಳುವುದರಲ್ಲಿ ಸೋಲುತ್ತಿದ್ದೇವೆ.

ಪ್ರವಾಸೋದ್ಯಮ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಫಾರಿನ್‌ನವರು. 2019ರಲ್ಲಿ ಭಾರತಕ್ಕೆ ಬಂದ ವಿದೇಶಿಯರು ಸುಮಾರು 1.09 ಕೋಟಿ. ಅದೇ ವರ್ಷ ಥಾಯ್ಲೆಂಡಿಗೆ ಹೋದವರು ಹತ್ತಿರ ಹತ್ತಿರ 4 ಕೋಟಿ. ಇಷ್ಟು ದೊಡ್ಡ ದೇಶಕ್ಕೆ ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಆದರೆ ಅದೇ 2019ರಲ್ಲಿ ದೇಶದೊಳಗೆ ನಮ್ಮವರೇ ಮಾಡಿದ ಪ್ರವಾಸಗಳನ್ನು ಸರ್ಕಾರ 230 ಕೋಟಿಗೂ ಜಾಸ್ತಿ ಅಂತ ಲೆಕ್ಕ ಹಾಕಿದೆ. ಇದು ತಲೆ ಎಣಿಕೆಯಲ್ಲ, ಭೇಟಿಗಳ ಎಣಿಕೆ. ಒಬ್ಬರೇ ಹತ್ತು ಕಡೆ ಹೋಗಿದ್ದರೆ ಹತ್ತೂ ಸೇರುತ್ತವೆ. ಆದರೂ ಅದು ಸಣ್ಣ ಸಂಖ್ಯೆಯಲ್ಲ.

ನಮ್ಮ ನಿಜವಾದ ಬಲ ಇದೇ. ಕೋವಿಡ್ ಬಂದ 2020ರಲ್ಲಿ ವಿದೇಶಿಯರ ಸಂಖ್ಯೆ 27 ಲಕ್ಷಕ್ಕೆ ಕುಸಿಯಿತು. ಲಾಕ್‌ಡೌನ್ ಸಡಿಲವಾದಾಗ ನಮ್ಮ ಲಾಡ್ಜಿನ ಬಾಗಿಲಿಗೆ ಮೊದಲು ಬಂದವರು ದಾವಣಗೆರೆ, ಹುಬ್ಬಳ್ಳಿ ಕಡೆಯ ಕುಟುಂಬಗಳು, ಆಮೇಲೆ ಕೇರಳದವರು. ಡಿಸೆಂಬರ್ ಬಂತು ಅಂದರೆ ಸ್ಕೂಲ್ ಟ್ರಿಪ್ಪಿನ ಬಸ್ಸುಗಳು ಸಾಲುಗಟ್ಟುತ್ತವೆ. ಆ ಮಕ್ಕಳ ಮೇಷ್ಟ್ರುಗಳು ಬಾಡಿಗೆಗೆ ಚೌಕಾಸಿ ಮಾಡುತ್ತಾರೆ, ನಿಜ. ಆದರೂ ಈ ಊರಿನ ಎಷ್ಟೋ ಹೋಟೆಲು, ಖಾನಾವಳಿ, ಆಟಿಕೆ ಅಂಗಡಿಗಳು ಬದುಕಿರುವುದು ಅವರಿಂದಲೇ. ಹೊರಗಿನವರನ್ನೇ ನಂಬಿಕೊಂಡ ಸಣ್ಣ ದೇಶಗಳಿಗೆ ಈ ಆಸರೆ ಇಲ್ಲ.

ನೋಡುವ ಜಾಗಗಳಿಗಂತೂ ಬರವಿಲ್ಲ. 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಹೊಸದಾಗಿ ಕಟ್ಟಿ 1912ರಲ್ಲಿ ಮುಗಿಸಿದ ಅರಮನೆ ನಗರದ ನಡುವೆಯೇ ಇದೆ. ಸೋಮನಾಥಪುರದ ಕೇಶವ ದೇವಾಲಯ 1258ರದು, ಬೇಲೂರು ಹಳೇಬೀಡಿನ ಜೊತೆ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಹಕ್ಕಿ ತಜ್ಞ ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು 2022ರಲ್ಲಿ ರಾಮ್ಸಾರ್ ತಾಣವಾಯಿತು, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಮೇಲುಕೋಟೆ, ಕನ್ನಂಬಾಡಿ ಅಣೆಕಟ್ಟೆ, ಗಗನಚುಕ್ಕಿ ಜಲಪಾತ, ಟಿಪ್ಪುವಿನ ದರಿಯಾ ದೌಲತ್ ಅರಮನೆ ಎಲ್ಲವೂ ಮೈಸೂರಿನಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸ್ ಬರುವ ದೂರದಲ್ಲಿವೆ. ಇದರಲ್ಲಿ ಒಂದನ್ನೂ ನಮ್ಮ ಕಾಲದವರು ಮಾಡಿದ್ದಲ್ಲ.

ನಮ್ಮ ಕಾಲದವರು ಮಾಡಿದ್ದು ರಸ್ತೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಮಂಡ್ಯದಲ್ಲಿ ಉದ್ಘಾಟನೆಯಾಯಿತು. ಸುಮಾರು 118 ಕಿಲೋಮೀಟರ್. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತು. ರಸ್ತೆ ಬೇಡವಾಗಿತ್ತು ಅಂತ ನಾನು ಹೇಳುವುದಿಲ್ಲ, ಆಂಬುಲೆನ್ಸಿಗೂ ತರಕಾರಿ ಲಾರಿಗೂ ಅದು ಬೇಕು. ಆದರೆ ಪ್ರವಾಸಿಗಳ ದಿನಚರಿ ಹೇಗೆ ಬದಲಾಯಿತು ನೋಡಿ. ಬೆಳಿಗ್ಗೆ ಆರಕ್ಕೆ ಬೆಂಗಳೂರು ಬಿಡುತ್ತಾರೆ. ಬೆಟ್ಟ, ಅರಮನೆ, ಝೂ ಮುಗಿಸುತ್ತಾರೆ. ಸಂಜೆ ಬೃಂದಾವನದ ಕಾರಂಜಿ ನೋಡಿ, ರಾತ್ರಿ ಮನೆಯಲ್ಲಿ ಮಲಗುತ್ತಾರೆ. ಊರಿಗೆ ಸಿಗುವುದು ಎಂಟ್ರಿ ಟಿಕೆಟ್ಟು, ಪಾರ್ಕಿಂಗು, ಒಂದು ಊಟ. ಜೊತೆಗೆ ಟ್ರಾಫಿಕ್ಕು, ಕಸ. ಅದೇ ಕುಟುಂಬ ಒಂದು ರಾತ್ರಿ ಉಳಿದರೆ ರೂಮಿನ ಬಾಡಿಗೆ ಒಂದು ಕಡೆ ಇರಲಿ. ಬೆಳಿಗ್ಗೆ ಎದ್ದು ಮಸಾಲೆ ದೋಸೆ ತಿನ್ನುತ್ತಾರೆ, ದೇವರಾಜ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಕೊಳ್ಳುತ್ತಾರೆ, ಆಟೋ ಹತ್ತುತ್ತಾರೆ, ರೇಷ್ಮೆ ಸೀರೆ ಅಂಗಡಿಗೂ ಹೋಗುತ್ತಾರೆ. ಹಣ ಹತ್ತು ಕೈಗೆ ಹರಿಯುತ್ತದೆ.

ಮಂಡ್ಯ ಜಿಲ್ಲೆಗೆ ಬಿದ್ದ ಪೆಟ್ಟು ಇನ್ನೂ ಜೋರು. ಹಳೇ ರಸ್ತೆಯಲ್ಲಿ ಮದ್ದೂರಿನಲ್ಲಿ ಗಾಡಿ ನಿಲ್ಲಿಸಿ ವಡೆ ತಿನ್ನದೆ ಮುಂದೆ ಹೋಗುವವರೇ ಇರಲಿಲ್ಲ. ಈಗ ಹೊಸ ರಸ್ತೆಯಲ್ಲಿ ಹೋಗುವವರು ಊರೊಳಗೆ ಬರುವುದೇ ಇಲ್ಲ. ಎಳನೀರು, ಬೆಲ್ಲ, ಕಬ್ಬಿನ ಹಾಲು ಮಾರುತ್ತಿದ್ದವರು, ಪಕ್ಕದ ಜಿಲ್ಲೆಯ ಚನ್ನಪಟ್ಟಣದ ಗೊಂಬೆ ಅಂಗಡಿಯವರು ಎಲ್ಲರಿಗೂ ವ್ಯಾಪಾರ ಇಳಿಯಿತು. ರಸ್ತೆ ಪ್ಲಾನ್ ಮಾಡುವಾಗ ಇವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ನನಗೆ ಇದರ ಬಗ್ಗೆ ನಿಜವಾಗಿಯೂ ಸಂಕಟ ಇದೆ. ಶ್ರೀರಂಗಪಟ್ಟಣದಂಥ ಊರಿನಲ್ಲೂ ಜನ ಎರಡು ಗಂಟೆ ನಿಂತರೆ ಹೆಚ್ಚು.

ಜನ ಯಾಕೆ ಉಳಿಯುವುದಿಲ್ಲ? ಸಂಜೆ ಮೇಲೆ ಏನು ಮಾಡಬೇಕು ಅಂತ ಅವರಿಗೆ ಗೊತ್ತಾಗುವುದಿಲ್ಲ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಹೊತ್ತುತ್ತವೆ. ಒಂದು ಗಂಟೆಯೊಳಗೆ ಅದು ಮುಗಿಯುತ್ತದೆ. ಆಮೇಲೆ? ರಂಗಾಯಣದಲ್ಲಿ ವಾರದ ಕೊನೆಗೆ ನಾಟಕ ಇರುತ್ತದೆ, ಸಂಗೀತ ಸಭೆಗಳಲ್ಲಿ ಕಛೇರಿ ಇರುತ್ತದೆ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದವರಿಗೆ ಅದನ್ನು ಹೇಳುವವರಿಲ್ಲ. ನಮ್ಮಲ್ಲಿ ರೂಮು ಮಾಡಿದವರಿಗೆ ನಾನೇ ಒಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ.

ಉಳಿಸಿಕೊಳ್ಳಲು ಸಾಧ್ಯವೇ ಇಲ್ಲ ಅನ್ನುವವರು ಒಮ್ಮೆ ಮೈಸೂರಿನ ಗೋಕುಲಂ ಬಡಾವಣೆಗೆ ಹೋಗಿ ನೋಡಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗ ಕಲಿಸುತ್ತಿದ್ದರು. ಅವರ ಶಿಷ್ಯರಾದ ಪಟ್ಟಾಭಿ ಜೋಯಿಸರಿಂದ ಅಷ್ಟಾಂಗ ಯೋಗ ಪ್ರಪಂಚಕ್ಕೆಲ್ಲ ಹಬ್ಬಿತು. ಅದನ್ನು ಕಲಿಯಲು ಗೋಕುಲಂಗೆ ಬರುವವರು ಒಂದು ತಿಂಗಳು, ಎರಡು ತಿಂಗಳು ಇರುತ್ತಾರೆ. ಗೋಕುಲಂನಲ್ಲಿ ಅರಮನೆಯೂ ಇಲ್ಲ, ಜಲಪಾತವೂ ಇಲ್ಲ. ಆದರೂ ಮೇಲಿನ ಮನೆ ಬಾಡಿಗೆಗೆ ಕೊಟ್ಟ ನಿವೃತ್ತ ಮೇಷ್ಟ್ರು, ಎಳನೀರಿನವರು, ಟೈಲರ್, ಅಡುಗೆ ಮಾಡಿಕೊಡುವ ಅಮ್ಮಂದಿರು ಎಲ್ಲರಿಗೂ ಅದರಿಂದ ನಾಲ್ಕು ಕಾಸು ಸಿಗುತ್ತಿದೆ. ವೀಣೆ, ಮೈಸೂರು ಚಿತ್ರಕಲೆ, ಮರದಲ್ಲಿ ಬೇರೆ ಬಣ್ಣದ ಮರ ಕೂರಿಸುವ ಇನ್‌ಲೇ ಕೆಲಸ, ನಮ್ಮ ಅಡುಗೆ ಇವನ್ನೂ ವಾರಗಟ್ಟಲೆ ಕೂತು ಕಲಿಯುವ ಹಾಗೆ ಯಾಕೆ ಮಾಡಬಾರದು? ಕಲಿಸುವವರು ಇನ್ನೂ ಇದ್ದಾರೆ.

ಇನ್ನೊಂದು ಕೊರತೆ ನಂಬಿಕೆಯದು. ಹೊಸಬರು ಕಂಡರೆ ಸಾಕು, "ಅರಮನೆ ಈಗ ಕ್ಲೋಸ್ ಸಾರ್, ಅಷ್ಟರಲ್ಲಿ ಅಗರಬತ್ತಿ ಫ್ಯಾಕ್ಟರಿ ತೋರಿಸ್ತೀನಿ" ಅಂತ ಕರೆದುಕೊಂಡು ಹೋಗುವವರು ಇದ್ದಾರೆ. ಅಂಗಡಿಯಿಂದ ಕಮಿಷನ್ ಸಿಗುತ್ತದೆ, ಆ ಕಮಿಷನ್ ಗಿರಾಕಿಯ ಬಿಲ್ಲಿಗೇ ಸೇರುತ್ತದೆ. ಇದು ತಪ್ಪು. ಆದರೆ ಜೂನ್, ಜುಲೈನಲ್ಲಿ ಆ ಆಟೋದವರ ಸ್ಥಿತಿಯನ್ನೂ ನಾನು ನೋಡಿದ್ದೇನೆ. ದಸರಾ, ಕ್ರಿಸ್‌ಮಸ್ ರಜ, ಬೇಸಿಗೆ ರಜ ಬಿಟ್ಟರೆ ದುಡಿಮೆ ಅಷ್ಟಕ್ಕಷ್ಟೆ, ಗಾಡಿ ಸಾಲದ ಕಂತು ಮಾತ್ರ ಪ್ರತಿ ತಿಂಗಳೂ ಕಟ್ಟಬೇಕು. ನಮ್ಮ ಲಾಡ್ಜುಗಳಿಗೂ ಕಮಿಷನ್ ಕಾಟ ತಪ್ಪಿದ್ದಲ್ಲ. ಆನ್‌ಲೈನ್ ಬುಕಿಂಗ್ ಆದರೆ ನೂರಕ್ಕೆ ಹದಿನೈದು ಇಪ್ಪತ್ತು ರೂಪಾಯಿ ಆಪ್‌ನವರಿಗೆ ಹೋಗುತ್ತದೆ. ಆ ಹಣ ಮೈಸೂರಿನಲ್ಲಿ ಖರ್ಚಾಗುವುದಿಲ್ಲ.

ಮೈಸೂರಿನ ಹಳೇ ಕಟ್ಟಡಗಳ ವಿಷಯದಲ್ಲಿ ಬೇಜಾರು ಜಾಸ್ತಿ. 2012ರಲ್ಲಿ ಲ್ಯಾನ್ಸ್‌ಡೌನ್ ಬಿಲ್ಡಿಂಗಿನ ಒಂದು ಭಾಗ ಕುಸಿದು ಜನ ಸತ್ತರು. 2016ರಲ್ಲಿ ದೇವರಾಜ ಮಾರ್ಕೆಟ್ಟಿನ ಒಂದು ಕಡೆ ಬಿತ್ತು. ಕೆಡವಬೇಕೋ ಉಳಿಸಬೇಕೋ ಅನ್ನುವ ಜಗಳ ವರ್ಷಗಟ್ಟಲೆ ನಡೆಯಿತು. ಅದೇ ಊರಿನ ಮೃಗಾಲಯ 1892ರಿಂದ ಇದೆ, ಬಹುಮಟ್ಟಿಗೆ ಟಿಕೆಟ್ ದುಡ್ಡಿನಲ್ಲೇ ಚೆನ್ನಾಗಿ ನಡೆಯುತ್ತಿದೆ. 2016ರಲ್ಲಿ ಮೈಸೂರು ದೇಶದ ಸ್ವಚ್ಛ ನಗರಗಳಲ್ಲಿ ಮೊದಲನೆಯದಾಗಿತ್ತು. ಮನಸ್ಸು ಮಾಡಿದರೆ ಆಗುತ್ತದೆ. ಸೋಮನಾಥಪುರಕ್ಕೆ ಯುನೆಸ್ಕೋ ಹೆಸರು ಬಂತು, ಆದರೆ ಬಸ್ಸಿನಲ್ಲಿ ಹೋಗುವವರು ಇವತ್ತಿಗೂ ಹೆಚ್ಚಾಗಿ ಬನ್ನೂರಿನಲ್ಲೋ ತಿ. ನರಸೀಪುರದಲ್ಲೋ ಇಳಿದು ಬಸ್ ಬದಲಿಸಬೇಕು. ಹೆಂಗಸರು ನನ್ನನ್ನು ಮೊದಲು ಕೇಳುವ ಪ್ರಶ್ನೆ, "ದಾರಿಯಲ್ಲಿ ಒಳ್ಳೆ ಟಾಯ್ಲೆಟ್ ಎಲ್ಲಿದೆ?" ಅಂತ.

ನಿಮ್ಮ ಪ್ರಾಜೆಕ್ಟಿಗೆ ಒಂದು ಸಲಹೆ. ಎಷ್ಟು ಜನ ಬಂದರು ಅನ್ನುವ ಅಂಕಿ ಎಲ್ಲರೂ ಬರೆಯುತ್ತಾರೆ. ನೀವು ಎಷ್ಟು ರಾತ್ರಿ ಉಳಿದರು, ಹಣ ಯಾರ ಕೈ ಸೇರಿತು ಅಂತ ಹುಡುಕಿ. ಮದ್ದೂರಿನ ಹಳೇ ರಸ್ತೆಯ ಅಂಗಡಿಯವರನ್ನು ಮಾತಾಡಿಸಿ, ಗೋಕುಲಂನ ಮನೆ ಮಾಲೀಕರನ್ನೂ ಮಾತಾಡಿಸಿ, ಎರಡನ್ನೂ ಪಕ್ಕಪಕ್ಕ ಇಡಿ. ವಾರದ ದಿನ ಬಂದರೆ ಎಲ್ಲರಿಗೂ ಮಾತಾಡಲು ಬಿಡುವಿರುತ್ತದೆ. ಮಂಗಳವಾರ ಮಾತ್ರ ಬೇಡ, ಅವತ್ತು ಝೂ ರಜ.