ಬೆಲೆಪಟ್ಟಿ ಬೇಡ, ಭೂತಗನ್ನಡಿ ಕೊಡಿ

ನಮಸ್ಕಾರ.

ನಿಮ್ಮ 'ಜೇಬಿನಲ್ಲಿದೆ ನಿಧಿ' ಲೇಖನ ಓದಿದೆ. ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಒಂದು ಸಾಲು ಬರೆದು ವಾಪಸ್ ಕಳಿಸಬಹುದಿತ್ತು. ಮನಸ್ಸಾಗಲಿಲ್ಲ, ಯಾಕಂದ್ರೆ ಚಿಲ್ಲರೆಯಲ್ಲಿ ಅಪರೂಪದ ನಾಣ್ಯ ಹುಡುಕುವ ಈ ಹುಚ್ಚು ನನಗೂ ಹಿಡಿದಿತ್ತು. ಮಗಳ ಮನೆಗೆ ಅಂತ ಅಮೆರಿಕಕ್ಕೆ ಹೋದವನು ಹೊರಗೆ ಹಿಮ ಬೀಳುತ್ತಿದ್ದ ಮೂರು ತಿಂಗಳು ಅವರ ಮನೆಯ ಚಿಲ್ಲರೆ ಡಬ್ಬಿ ಸುರಿದುಕೊಂಡು ಕೂತಿದ್ದೆ. ಸಿಕ್ಕಿದ್ದು ಹಿಂಬದಿಯಲ್ಲಿ ಎರಡು ಗೋಧಿ ತೆನೆ ಇರುವ ಒಂದೇ ಒಂದು ಹಳೇ ಪೆನ್ನಿ, ಅಂದರೆ ಅಲ್ಲಿನ ಒಂದು ಸೆಂಟಿನ ನಾಣ್ಯ, 1951ರದ್ದು. ಬೆಲೆ ಕೇಳಬೇಡಿ, ಒಂದು ಬಾಳೆಹಣ್ಣೂ ಬರಲ್ಲ. ಇನ್ನೂ ಪರ್ಸಿನಲ್ಲಿದೆ.

ನೀವು ಓಹಾಯೋದಲ್ಲಿ ಇದ್ದೀರಿ. ಪ್ರತಿ ಶುಕ್ರವಾರ ಬ್ಯಾಂಕಿನಿಂದ ಒಂದು ಬಾಕ್ಸ್ ಪೆನ್ನಿ ತರುತ್ತೀರಿ. 25 ಡಾಲರ್, 50 ರೋಲು, ಒಟ್ಟು 2,500 ನಾಣ್ಯ. ಊಟದ ಟೇಬಲ್ ಮೇಲೆ ಹರಡಿ ಒಂದೊಂದಾಗಿ ನೋಡುತ್ತೀರಿ. ಇಷ್ಟು ಹೇಳುವುದಕ್ಕೆ ನಿಮಗೆ ನಾಲ್ಕು ಸಾಲು ಸಾಕಾಗಿದೆ. ಉಳಿದ ಹನ್ನೊಂದು ಪ್ಯಾರಾ ಬರೀ ಬೆಲೆ. ಇದು ಸಿಕ್ಕರೆ ಇಷ್ಟು ಡಾಲರ್, ಅದು ಸಿಕ್ಕರೆ ಅಷ್ಟು ಡಾಲರ್. ಅದನ್ನು ಯಾರು ಬೇಕಾದರೂ ಬರೆಯಬಹುದು, ಬರೆದೂ ಇದ್ದಾರೆ. 2,500 ನಾಣ್ಯ ನೋಡಿ ಬೆರಳು ಕಪ್ಪಾದವರು ನೀವು, ಆ ಬೆರಳು ಲೇಖನದಲ್ಲಿ ಎಲ್ಲೂ ಕಾಣಲಿಲ್ಲ.

ಇನ್ನು ತಪ್ಪುಗಳು. ಇವನ್ನು ಬಿಡೋಕಾಗಲ್ಲ.

'1943ರ ಪೆನ್ನಿ ಸಿಕ್ಕರೆ ನೀವು ಲಕ್ಷಾಧೀಶ' ಅಂತ ಬರೆದಿದ್ದೀರಿ. ಅಲ್ಲ. ಆ ವರ್ಷ ಯುದ್ಧಕ್ಕೆ ತಾಮ್ರ ಬೇಕು ಅಂತ ಸತು ಲೇಪಿಸಿದ ಉಕ್ಕಿನಲ್ಲಿ ಹೊಡೆದರು. ನೂರು ಕೋಟಿಗೂ ಮೇಲೆ ಹೊಡೆದರು, ಹಾಗಾಗಿ ಅದು ಅಪರೂಪವೇ ಅಲ್ಲ. ಅಪರೂಪ ಇರುವುದು ಹಿಂದಿನ ವರ್ಷದ ತಾಮ್ರದ ಬಿಲ್ಲೆ ಅಪ್ಪಿತಪ್ಪಿ ಯಂತ್ರದಲ್ಲಿ ಉಳಿದು, ಅದರ ಮೇಲೆ 1943 ಅಂತ ಅಚ್ಚು ಬಿದ್ದ ಕೆಲವೇ ಕೆಲವು. ಉಕ್ಕಿನದಕ್ಕೇ ತಾಮ್ರದ ನೀರು ಕುಡಿಸಿ ಮಾರುವವರು ಬಹಳ ಜನ. ಫ್ರಿಜ್ ಬಾಗಿಲಿನ ಅಯಸ್ಕಾಂತ ಹಿಡಿದರೆ ಅಂಟಿಕೊಂಡುಬಿಡುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಅಂಟದಿದ್ದರೂ ಕುಣಿಯಬೇಡಿ. 1948ರ ಎಂಟನ್ನು ಕೆತ್ತಿ ಮೂರು ಮಾಡಿದ ಪುಣ್ಯಾತ್ಮರೂ ಇದ್ದಾರೆ.

'ಎಎಂ ಅಕ್ಷರ ಹತ್ತಿರ ಇದ್ದರೆ ಅಪರೂಪ' ಅನ್ನುವುದು ಅರ್ಧ ಸತ್ಯ. ಹಿಂಬದಿಯಲ್ಲಿ ಅಮೆರಿಕ ಅಂತ ಬರೆದಿರುವ ಕಡೆ ಆ ಎರಡು ಅಕ್ಷರದ ಪಾದಗಳು ಒಂದಕ್ಕೊಂದು ತಾಗಿದ ಹಾಗೆ ಇದ್ದು, ವರ್ಷ 1992 ಆಗಿದ್ದರೆ ಅಪರೂಪ. 1993ರಿಂದ ಅದೇ ಮಾಮೂಲು. 1998, 1999, 2000ನೇ ಇಸವಿಯವುಗಳಲ್ಲಿ ಉಲ್ಟಾ, ಸಂದು ಬಿಟ್ಟಿದ್ದರೆ ಎತ್ತಿಡಬೇಕು. ನಿಮ್ಮ ಮಾತು ನಂಬಿದ ಓದುಗ 2005ರ ಪೆನ್ನಿಗಳನ್ನೆಲ್ಲ ಲಾಕರಿನಲ್ಲಿ ಇಡುತ್ತಾನೆ.

ಈಗ ನಿಮ್ಮ 1972. ಬೇಜಾರು ಮಾಡಿಕೊಳ್ಳಬೇಡಿ.

ನೀವು ಅದನ್ನು ಡಬಲ್ ಡೈ, ಅಂದರೆ ಜೋಡಿ ಅಚ್ಚಿನದು, ಅಂತ ಬರೆದು ಫೋಟೋ ಹಾಕಿದ್ದೀರಿ. ನಾನು ಫೋಟೋ ದೊಡ್ಡದು ಮಾಡಿ ನೋಡಿದೆ. ಇಸವಿಯ ಏಳು ಮತ್ತು ಎರಡರ ಪಕ್ಕ ಒಂದು ಚಪ್ಪಟೆ ಅಂಚು ಇದೆ, ಮನೆ ಮುಂದಿನ ಮೆಟ್ಟಿಲಿನ ಹಾಗೆ. ಬೇರೆಲ್ಲೂ ಏನೂ ಇಲ್ಲ. ಅದು ಡಬಲ್ ಡೈ ಅಲ್ಲ. ನಾಣ್ಯ ಹೊಡೆಯುವ ಹೊತ್ತಿಗೆ ಅಚ್ಚು ಸ್ವಲ್ಪ ಸಡಿಲವಾಗಿ ಅಲುಗಾಡಿ ಲೋಹ ಸರಿದದ್ದು. ಅಂಥವು ಡಬ್ಬಿ ತುಂಬ ಸಿಗುತ್ತವೆ.

ನಿಜವಾದದ್ದರಲ್ಲಿ ತಪ್ಪು ಆಗಿರುವುದು ನಾಣ್ಯಕ್ಕಲ್ಲ, ಅಚ್ಚಿಗೇ. ಆಗೆಲ್ಲ ಟಂಕಸಾಲೆಯಲ್ಲಿ ಅಚ್ಚು ತಯಾರಿಸುವಾಗ ಮೂಲಪಡಿಯನ್ನು ಉಕ್ಕಿನ ತುಂಡಿನ ಮೇಲೆ ಒಂದು ಸಲ ಒತ್ತಿದರೆ ಪೂರ್ತಿ ಮೂಡುತ್ತಿರಲಿಲ್ಲ, ಅದನ್ನು ಕಾಯಿಸಿ ಮೆತ್ತಗೆ ಮಾಡಿ ಮತ್ತೊಮ್ಮೆ ಅದೇ ಜಾಗಕ್ಕೆ ಸರಿಯಾಗಿ ಕೂರಿಸಿ ಒತ್ತಬೇಕಿತ್ತು, ಆ ಎರಡನೇ ಸಲ ಒಂದು ಕೂದಲೆಳೆ ತಿರುಗಿದರೂ ಅಚ್ಚಿನ ತುಂಬ ಎರಡೆರಡು ಅಕ್ಷರ. ಗುಮಾಸ್ತ ಅರ್ಜಿಯ ಮೇಲೆ ರಬ್ಬರ್ ಸ್ಟ್ಯಾಂಪನ್ನು ಎರಡು ಸಲ ಕುಟ್ಟಿದ ಹಾಗೆ. ಆಮೇಲೆ ಆ ಅಚ್ಚಿನಿಂದ ಬಂದ ಪ್ರತಿಯೊಂದು ನಾಣ್ಯದಲ್ಲೂ ಅದೇ ಜಾಗದಲ್ಲಿ ಅದೇ ಜೋಡಿ. ಚಪ್ಪಟೆ ಅಲ್ಲ, ಎರಡೂ ದುಂಡಗೆ ಉಬ್ಬಿರುತ್ತವೆ, ಅಕ್ಷರದ ತುದಿ ಸೀಳಿ ಹಾವಿನ ನಾಲಗೆ ಥರ ಕಾಣುತ್ತದೆ. 1972ರ ಅಸಲಿಯಲ್ಲಿ ಇಸವಿ ಮಾತ್ರವಲ್ಲ, 'ಲಿಬರ್ಟಿ' ಅನ್ನುವ ಪದ, ಲಿಂಕನ್ ತಲೆಯ ಮೇಲಿನ 'ಇನ್ ಗಾಡ್ ವಿ ಟ್ರಸ್ಟ್' ಅನ್ನುವ ದೇವರ ಸಾಲು, ಎಲ್ಲವೂ ಜೋಡಿ.

ಇದೆಲ್ಲ ನಿಮಗೆ ಗೊತ್ತಿತ್ತು ಅಂತ ನನ್ನ ಅನುಮಾನ. ಒಂದು ಕಡೆ 'ಮೊದಮೊದಲು ನನಗೂ ಸಂಶಯ ಇತ್ತು' ಅಂತ ಬರೆದು ಅಲ್ಲಿಂದ ಓಡಿಬಿಟ್ಟಿದ್ದೀರಿ. ಯಾಕೆ ಓಡಿದಿರಿ? ರಾತ್ರಿ ಹನ್ನೊಂದಕ್ಕೆ ಅದು ಸಿಕ್ಕಾಗ ಹೆಂಡತಿಯನ್ನು ಎಬ್ಬಿಸಿದಿರಾ? ಎಷ್ಟು ದಿನ ಅದು ಅಸಲಿ ಅಂತಲೇ ನಂಬಿದ್ರಿ? ಆ ನಾಲ್ಕು ದಿನದ ಆಸೆ ನನಗೆ ಬೇಕು.

ಅದಕ್ಕಿಂತ ಕೆಟ್ಟದ್ದು, ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಿದ್ದೀರಿ! ಹೆಮ್ಮೆಯಿಂದ ಬೇರೆ ಬರೆದಿದ್ದೀರಿ, 'ದೀಪಾವಳಿಯ ದೀಪದಂತೆ ಹೊಳೆಯಿತು' ಅಂತ. ದೇವರೇ. ಸಂಗ್ರಹಕಾರರಿಗೆ ಹಳೇ ತಾಮ್ರದ ಆ ಕಂದು ಬಣ್ಣವೇ ಮುಖ್ಯ, ತೊಳೆದ ನಾಣ್ಯವನ್ನು ಅವರು ಬೆರಳಿನಿಂದಲೂ ಮುಟ್ಟಲ್ಲ. ಅದು ನಕಲಿ ಡಬಲ್ ಆಗಿದ್ದೇ ಒಳ್ಳೆಯದಾಯಿತು, ಅಸಲಿ ಆಗಿದ್ದರೆ ಹುಣಸೆಹಣ್ಣಿನಲ್ಲಿ ನೂರಾರು ಡಾಲರ್ ಕರಗುತ್ತಿತ್ತು. ಈ ಸಾಲನ್ನು ಮಾತ್ರ ತೆಗೆಯಬೇಡಿ. ಪೂಜೆಯ ಹಿಂದಿನ ದಿನ ಕಂಚು ಹಿತ್ತಾಳೆ ತಿಕ್ಕಿದ ಕೈ ತಾಮ್ರ ಕಂಡರೆ ಸುಮ್ನೆ ಇರುತ್ತಾ? ಇಡೀ ಲೇಖನದಲ್ಲಿ ಅದೊಂದೇ ಸಾಲು ನಿಮ್ಮದು.

ಇಲ್ಲ, ಇನ್ನೊಂದಿದೆ. ಕೊನೆಯಲ್ಲಿ, ಎರಡೇ ಸಾಲು: 'ಅಪ್ಪ ಹಾಸನದಿಂದ ಬಂದಾಗ ಜೊತೆಗೆ ಕೂರುತ್ತಾರೆ. ಬಸ್ ಕಂಡಕ್ಟರ್ ಆಗಿದ್ದವರು, ಟೇಬಲ್ ಮೇಲೆ ಬಿದ್ದ ಸದ್ದು ಕೇಳಿಯೇ ತಾಮ್ರದ್ದು ಯಾವುದು ಅನ್ನುತ್ತಾರೆ.' ಅಲ್ಲ ಸ್ವಾಮಿ, ಇದನ್ನು ಅಲ್ಲಿ ಬಚ್ಚಿಟ್ಟಿದ್ದೀರಲ್ಲ! 1982ರ ಮಧ್ಯದಲ್ಲಿ ಪೆನ್ನಿಯ ಒಡಲೇ ಬದಲಾಯಿತು. ಅಲ್ಲಿಯವರೆಗೆ ನೂರಕ್ಕೆ 95 ಪಾಲು ತಾಮ್ರ, 3.11 ಗ್ರಾಂ. ಆಮೇಲೆ ಸತುವಿನ ಬಿಲ್ಲೆಗೆ ತಾಮ್ರದ ತೆಳು ಲೇಪ, ಎರಡೂವರೆ ಗ್ರಾಂ. ಆ ಒಂದೇ ವರ್ಷದಲ್ಲಿ ಎರಡೂ ಇವೆ, ನೋಡಲು ಒಂದೇ ಥರ. ಎಲ್ಲರೂ ತಕ್ಕಡಿ ತರುತ್ತಾರೆ. ನಿಮ್ಮ ಅಪ್ಪ ಕಿವಿ ತಂದಿದ್ದಾರೆ. ಹಳೆಯದು ಬಿದ್ದರೆ ಟಿಣ್ ಅಂತ ಎಳೆಯುತ್ತದೆ, ಹೊಸದು ಟಪ್ ಅಂತ ಸಾಯುತ್ತದೆ, ನಾನೂ ಬೀಳಿಸಿ ನೋಡಿದ್ದೇನೆ. ಆದರೆ ವರ್ಷಗಟ್ಟಲೆ ಕತ್ತಲೆ ಬಸ್ಸಿನಲ್ಲಿ ಒಂದು ಕೈಯಲ್ಲಿ ಟಿಕೆಟ್ ಹರಿಯುತ್ತಾ ಇನ್ನೊಂದು ಕೈಯ ಬೆರಳಲ್ಲೇ ನಾಲ್ಕಾಣೆ ಯಾವುದು ಎಂಟಾಣೆ ಯಾವುದು ಅಂತ ತಿಳಿದು ಚಿಲ್ಲರೆ ಕೊಟ್ಟವರಿಗೆ ಪೆನ್ನಿ ಏನು ಹೇಳುತ್ತದೆ ಅನ್ನುವುದು ನನಗೆ ಗೊತ್ತಿಲ್ಲ. ನಮ್ಮ ನಾಲ್ಕಾಣೆ 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋಯಿತು. ಪೆನ್ನಿಯದೂ ಹೆಚ್ಚುಕಡಿಮೆ ಅದೇ ದಾರಿ. 2025ರ ನವೆಂಬರ್ 12ರಂದು ಫಿಲಡೆಲ್ಫಿಯಾದಲ್ಲಿ ಚಲಾವಣೆಯ ಕೊನೆಯ ಪೆನ್ನಿ ಹೊಡೆದರು, ಒಂದು ಸೆಂಟಿನ ನಾಣ್ಯಕ್ಕೆ ಮೂರೂವರೆ ಸೆಂಟಿಗೂ ಜಾಸ್ತಿ ಖರ್ಚು ಬರುತ್ತಿತ್ತು ಅಂತ. ಹಳೆಯವು ಇನ್ನೂ ನಡೆಯುತ್ತವೆ, ಅದೊಂದು ವ್ಯತ್ಯಾಸ. ಅವತ್ತು ಅಪ್ಪ ಏನಂದರು? ಕೇಳಿ ಬರೆಯಿರಿ. ಏನೂ ಅನ್ನದಿದ್ದರೆ ಅದನ್ನೇ ಬರೆಯಿರಿ, ನೀವಾಗಿ ಅವರ ಬಾಯಿಗೆ ಮಾತು ತುರುಕಬೇಡಿ.

ಇತಿಹಾಸ ಒಂದಿಷ್ಟು ಬೇಕೇಬೇಕು ಅನ್ನಿಸಿದರೆ 1955 ಒಂದನ್ನೇ ಇಟ್ಟುಕೊಳ್ಳಿ. ಅದನ್ನೂ ಬೆಲೆಯಿಂದ ಶುರು ಮಾಡಬೇಡಿ, ಸಿಗರೇಟಿನಿಂದ ಶುರು ಮಾಡಿ. ಆಗ ಮಷೀನಿನಲ್ಲಿ ಕಾಲು ಡಾಲರ್ ಹಾಕಿದರೆ 23 ಸೆಂಟಿನ ಸಿಗರೇಟ್ ಪ್ಯಾಕು ಬರುತ್ತಿತ್ತು, ಬಾಕಿ ಎರಡು ಪೆನ್ನಿಯನ್ನು ಪ್ಯಾಕಿನ ಸೆಲೋಫೇನ್ ಕಾಗದದೊಳಗೇ ಸೇರಿಸಿರುತ್ತಿದ್ದರು. ಆ ವರ್ಷದ ಜೋಡಿ ಅಚ್ಚಿನ ಪೆನ್ನಿ ಸುಮಾರು 20,000ಕ್ಕೂ ಹೆಚ್ಚು ಹೊರಗೆ ಬಿದ್ದವು, ಬಹಳಷ್ಟು ಸಿಕ್ಕಿದ್ದು ಹೀಗೆ ಸಿಗರೇಟ್ ಸೇದುವವರಿಗೆ. ಇವತ್ತು ಒಂದೊಂದಕ್ಕೆ ಸಾವಿರ ಡಾಲರಿಗೂ ಮೇಲೆ. ಭೂತಗನ್ನಡಿಯೂ ಬೇಡ, ಬರಿಗಣ್ಣಿಗೇ ತಲೆ ತಿರುಗಿದ ಹಾಗೆ ಕಾಣುತ್ತದೆ. ಬೆಲೆ ಆ ಒಂದು ಸಾಲಲ್ಲಿ ಬಂದರೆ ಸಾಕು.

ಶೀರ್ಷಿಕೆ ಬದಲಿಸಿ. 'ನಿಧಿ' ಬೇಡವೇ ಬೇಡ. ಉದ್ದ ಅರ್ಧ ಆಗಲಿ. 1972ರ ಫೋಟೋ ಇರಲಿ, ತೊಳೆದದ್ದೇ ಇರಲಿ, ಕೆಳಗೆ ನಿಜ ಬರೆಯಿರಿ.

ಇನ್ನೊಂದು, ಇದು ಲೇಖನಕ್ಕಲ್ಲ, ನಿಮಗೆ. ಈಚೆಗೆ ನೋಡಿದ ನಾಣ್ಯಗಳೇ ಮತ್ತೆ ಬರುತ್ತಿವೆ ಅಂತ ದೂರಿದ್ದೀರಲ್ಲ, ನೋಡಿ ಮುಗಿಸಿದ್ದನ್ನು ತಂದ ಬ್ಯಾಂಕಿಗೇ ವಾಪಸ್ ಕಟ್ಟುತ್ತಿದ್ದೀರಿ ತಾನೇ? ತರುವ ಬ್ಯಾಂಕ್ ಒಂದು, ಸುರಿಯುವ ಬ್ಯಾಂಕ್ ಇನ್ನೊಂದು ಇಟ್ಟುಕೊಳ್ಳಿ. ಕೌಂಟರಿನಲ್ಲಿರುವ ಹೆಂಗಸು ನಿಮ್ಮನ್ನು ಕಂಡರೆ ಮುಖ ಸಿಂಡರಿಸುವುದೂ ಕಡಿಮೆಯಾದೀತು.