ಶಾಲು-ಹಾರದ ಫೋಟೋ ಆಯ್ತು, ನಳ್ಳಿ ನೀರಿನ ಸುದ್ದಿ ಎಲ್ಲಿ? (ಸಂಪಾದಕರ ಉತ್ತರ)

ಮುಂಬಯಿಯ ಭಾಂಡುಪ್ ಪಶ್ಚಿಮದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ, ಹೆಸರು ಹಾಕ್ಬೇಡಿ ಅಂದಿದ್ದಾರೆ. ಪೂರ್ತಿ ಹಾಕೋಕೆ ಜಾಗ ಇಲ್ಲ, ಮುಖ್ಯ ಭಾಗ ಇಷ್ಟು: "ನಿಮ್ಮ ಮಾಸಿಕ ಬಿಡಿಸಿದ್ರೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ ಹಿಡ್ಕೊಂಡವರ ಫೋಟೋಗಳೇ. ನಮ್ಮ ಬಿಲ್ಡಿಂಗಲ್ಲಿ ಕೆಲವು ವಾರದಿಂದ ನೀರು ವಾಸನೆ ಬರ್ತಾ ಉಂಟು. ಸೆಕ್ರೆಟರಿ ಹತ್ರ ಕೇಳಿದ್ರೆ ಲೈನಿಂದು ಅಂತಾರೆ, ಪ್ಲಂಬರ್ ಟ್ಯಾಂಕಿಂದು ಅಂತಾನೆ. ಮಗನ ಪಾಸ್‌ಪೋರ್ಟ್‌ಗೆ ಬರ್ತ್ ಸರ್ಟಿಫಿಕೇಟ್ ಬೇಕು, ಅವನು ಹುಟ್ಟಿದ್ದು 2001ರಲ್ಲಿ ಕಾರ್ಕಳದ ಆಸ್ಪತ್ರೆಲಿ, ಇಲ್ಲಿ ಕೊಡ್ಲಿಕ್ಕೆ ಆಗೋದಿಲ್ಲ ಅಂದ್ರಂತೆ. ಇಂಥದ್ದಕ್ಕೆ ಒಂದು ಪುಟ ಇಡ್ಲಿಕ್ಕೆ ಆಗೋದಿಲ್ವಾ? ಊರಲ್ಲಾದ್ರೆ ಪಂಚಾಯತ್ ಮೆಂಬರ್ ಮನೆಗೇ ಹೋಗಿ ಕೇಳ್ತಿದ್ದೆ. ತಾ.ಕ.: ನನಗೆ ಎರಡು ಸಂಚಿಕೆ ಬರ್ಲೇ ಇಲ್ಲ, ತಂಗಿ ಮನೇಲಿ ಓದಿದ್ದು."

ಅಕ್ಕಾ, ನಮಸ್ಕಾರ.

ಮೊದಲು ಫೋಟೋದ ವಿಷಯ ಮುಗಿಸಿಬಿಡ್ತೇನೆ. ಸನ್ಮಾನದ ಫೋಟೋ ಹಾಕೋದು ನಿಲ್ಲಿಸೋದಿಲ್ಲ. ಮೂವತ್ತು ವರ್ಷ ಹೋಟೆಲ್ ಗಲ್ಲಾದಲ್ಲಿ ಕೂತವರಿಗೆ, ಕ್ಯಾಂಟೀನ್ ನಡೆಸಿ ಮಕ್ಕಳನ್ನ ಓದಿಸಿದವರಿಗೆ ಒಂದು ದಿನ ಸಂಘದವರು ಶಾಲು ಹಾಕಿದ್ರೆ ಆ ಫೋಟೋನ ಊರಲ್ಲಿರೋ ಅಮ್ಮನಿಗೆ ತೋರಿಸ್ಬೇಕು ಅಂತ ಅವರಿಗೆ ಇರ್ತದೆ, ಅದ್ರಲ್ಲಿ ತಪ್ಪೇನೂ ಕಾಣೋದಿಲ್ಲ ನಂಗೆ. ಮತ್ತೆ ಆ ಪುಟಗಳ ಜಾಹೀರಾತಿನಿಂದಲೇ ಪ್ರಿಂಟರ್ ಬಿಲ್ ಕಟ್ಟೋದು, ಅದನ್ನೂ ಮುಚ್ಚಿಡೋದಿಲ್ಲ. ಆದ್ರೆ ನಿಮ್ಮ ಪತ್ರದ ಕೊನೇ ಮಾತು, ಆ ಪಂಚಾಯತ್ ಮೆಂಬರ್ ಮಾತು, ಅದೇ ನನ್ನನ್ನ ಹಿಡ್ಕೊಂಡಿದ್ದು. ನಮ್ಮವರಿಗೆ ಊರಿನ ಪಂಚಾಯತಲ್ಲಿ ಯಾರು ಗೆದ್ರು, ಯಾರ ರೋಡಿಗೆ ಡಾಂಬರು ಬಿತ್ತು, ಯಾರ ತೋಟಕ್ಕೆ ಪಂಪ್ ಬಂತು ಎಲ್ಲ ವಾಟ್ಸಾಪಲ್ಲಿ ಗೊತ್ತಾಗ್ತದೆ. ತಾವಿರೋ ಬಿಲ್ಡಿಂಗ್ ಯಾವ ವಾರ್ಡು ಅಂತ ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ ಸ್ಟೇಷನ್ ಹೆಸರು ಹೇಳ್ತಾರೆ.

ನಿಮ್ಮದು ಎಸ್ ವಾರ್ಡ್ ಅಕ್ಕ. ಮುಂಬಯಿ ಪಾಲಿಕೆಯ ವಾರ್ಡ್‌ಗಳಿಗೆ ಇಂಗ್ಲಿಷ್ ಅಕ್ಷರ. ಕೊಲಾಬಾ-ಫೋರ್ಟ್ ಎ, ದಾದರ್-ಮಾಹಿಮ್-ಧಾರಾವಿ ಜಿ ನಾರ್ತ್, ಮಾಟುಂಗಾ-ಸಾಯನ್-ವಡಾಲಾ ಎಫ್ ನಾರ್ತ್, ಕುರ್ಲಾ ಎಲ್, ಘಾಟ್ಕೋಪರ್ ಎನ್, ಮುಲುಂಡ್ ಟಿ. ಇದು ಆಫೀಸಿನ ವಾರ್ಡ್. ವೋಟ್ ಹಾಕೋ ಪ್ರಭಾಗ್ ಬೇರೆ, ಅದಕ್ಕೆ ನಂಬರ್ ಇರ್ತದೆ, ಒಟ್ಟು 227, ಒಂದೊಂದಕ್ಕೆ ಒಬ್ಬ ನಗರಸೇವಕ ಅಥವಾ ನಗರಸೇವಕಿ, ಅಂದ್ರೆ ಕಾರ್ಪೊರೇಟರ್. ಇವೆರಡನ್ನ ಗೊಂದಲ ಮಾಡ್ಕೊಂಡು ಅರ್ಜಿ ಬರೆಯೋರು ತುಂಬಾ ಜನ. ನೀವು "ಮೆಂಬರ್ ಮನೆಗೆ ಹೋಗ್ತಿದ್ದೆ" ಅಂತ ಬರೆದ್ರಲ್ಲ, ಇಲ್ಲಿ ಹಾಗೆ ಹೋಗ್ಲಿಕ್ಕೆ ನಡುವೆ ಜನಾನೇ ಇರ್ಲಿಲ್ಲ, 2017ರಲ್ಲಿ ಆಯ್ಕೆಯಾದವರ ಅವಧಿ 2022ರ ಮಾರ್ಚಲ್ಲಿ ಮುಗೀತು, ಆಮೇಲೆ ಹೆಚ್ಚುಕಮ್ಮಿ ನಾಲ್ಕು ವರ್ಷ ಆಡಳಿತಾಧಿಕಾರಿ ಕೈಯಲ್ಲೇ ನಡೀತು, ಚುನಾವಣೆ ಆಗಿದ್ದು 2026ರ ಜನವರಿ 15ಕ್ಕೆ. ಈಗ ಜನ ಇದ್ದಾರೆ. ಮನೆ ಇಲ್ಲದಿದ್ರೂ ಆಫೀಸ್ ಉಂಟು, ಹೋಗಿ ಕೂತ್ಕೊಳ್ಳಿ. ನಾಲ್ಕು ಹೆಂಗಸರು ಒಟ್ಟಿಗೆ ಹೋದ್ರೆ ಇನ್ನೂ ಒಳ್ಳೇದು.

ಈಗ ನೀರು. ತಮಾಷೆ ನೋಡಿ, ಇಡೀ ಮುಂಬಯಿಗೆ ಹೋಗೋ ನೀರಲ್ಲಿ ದೊಡ್ಡ ಪಾಲು ಶುದ್ಧ ಆಗೋದು ನಿಮ್ಮದೇ ಭಾಂಡುಪ್ ಕಾಂಪ್ಲೆಕ್ಸಲ್ಲಿ. ಏಳು ಕೆರೆ-ಡ್ಯಾಮು: ಅಪ್ಪರ್ ವೈತರಣಾ, ಮಿಡಲ್ ವೈತರಣಾ, ಮೋಡಕ್ ಸಾಗರ್, ತಾನ್ಸಾ, ಭಾತ್ಸಾ, ವಿಹಾರ್, ತುಳಸಿ. ಕೊನೇ ಎರಡು ಮಾತ್ರ ಮುಂಬಯಿ ಒಳಗೆ, ಉಳಿದದ್ದು ಠಾಣೆ, ಪಾಲ್ಘರ್, ನಾಸಿಕ್ ಕಡೆಯದ್ದು. ದಿನಕ್ಕೆ ಸುಮಾರು 385 ರಿಂದ 400 ಕೋಟಿ ಲೀಟರ್ ಬಿಡ್ತಾರೆ. ಕೆರೆ ತಳ ಕಂಡ ವರ್ಷ ಪಾಣಿ ಕಪಾತ್, 2024ರ ಜೂನಲ್ಲಿ ಹತ್ತು ಪರ್ಸೆಂಟ್ ಕಟ್ ಮಾಡಿದ್ದು ನೆನಪಿರ್ಬೇಕು ನಿಮಗೆ. ಅಷ್ಟು ನೀರು ಬಂದ್ರೂ ದಿನವಿಡೀ ಪೈಪಲ್ಲಿ ಓಡೋದಿಲ್ಲ. ಏರಿಯಾಕ್ಕೆ ಇಷ್ಟು ಹೊತ್ತು ಅಂತ ಟೈಮ್, ಚಾವಿವಾಲಾ ಬಂದು ವಾಲ್ವ್ ತಿರುಗಿಸಿದ್ರೆ ನೀರು, ಇಲ್ಲದಿದ್ರೆ ಇಲ್ಲ. ಭಾಂಡುಪಲ್ಲಿ ಗುಡ್ಡದ ಮೇಲಿನವರಿಗಂತೂ ಪಂಪ್ ಮಾಡಿಯೇ ಮೇಲೆ ಕಳಿಸ್ಬೇಕು.

ಈ ಟೈಮಿನ ವಿಷಯದಲ್ಲೇ ನಿಮ್ಮ ವಾಸನೆಯ ಗುಟ್ಟೂ ಇರ್ಬಹುದು. ನೀರು ನಿಂತಾಗ ಪೈಪ್ ಒಳಗೆ ಒತ್ತಡ ಇರೋದಿಲ್ಲ, ಆ ಪೈಪ್ ತುಕ್ಕು ಹಿಡಿದು ಸಣ್ಣ ತೂತಾಗಿದ್ರೆ, ಅದೂ ಗಟಾರದ ಪಕ್ಕ ಹೋಗಿದ್ರೆ, ಹೊರಗಿನ ಕೊಳೆ ಒಳಗೆ ಎಳ್ಕೊಳ್ತದೆ. ಮಾರನೇ ದಿನ ವಾಲ್ವ್ ಬಿಟ್ಟಾಗ ಮೊದಲ ನೀರಲ್ಲಿ ಅದೇ ಬರೋದು. ಯಾರಾದ್ರೂ ಲೈನಿಗೆ ನೇರವಾಗಿ ಬೂಸ್ಟರ್ ಪಂಪ್ ಕೂರಿಸಿದ್ರಂತೂ ಮುಗೀತು, ಅವರು ಎಳೆಯೋ ರಭಸಕ್ಕೆ ನೀರಿನ ಜೊತೆ ಗಟಾರವೂ ಬರ್ತದೆ. ಹಾಗೆ ಪಂಪ್ ಹಾಕೋದು ಕಾನೂನಿಗೆ ವಿರುದ್ಧ, ಪಾಲಿಕೆಯವರು ಸಿಕ್ಕಿದ್ರೆ ಕಿತ್ಕೊಂಡು ಹೋಗ್ತಾರೆ. ನಮ್ಮವರೇ ಎಷ್ಟು ಜನ ಹಾಕಿದ್ದಾರೆ ಅಂತ ನಾನು ಇಲ್ಲಿ ಬರೆಯೋದು ಬೇಡ, ಬರೆದ್ರೆ ಮುಂದಿನ ತಿಂಗಳು ಜಾಹೀರಾತು ಕಡಿಮೆ ಆದೀತು.

ಹಾಗಾದ್ರೆ ಲೈನಿಂದಾ, ಟ್ಯಾಂಕಿಂದಾ? ಸೆಕ್ರೆಟರಿನೂ ಬೇಡ ಪ್ಲಂಬರೂ ಬೇಡ, ನೀವೇ ನೋಡ್ಬಹುದು. ಎರಡು ಚೊಕ್ಕ ಗಾಜಿನ ಬಾಟ್ಲಿ ತಗೊಳ್ಳಿ. ನೀರು ಬರೋ ಟೈಮಿಗೆ ಕೆಳಗೆ ಹೋಗಿ ಅಂಡರ್‌ಗ್ರೌಂಡ್ ಟ್ಯಾಂಕಿಗೆ ನೀರು ಬೀಳೋ ಬಾಯಿಂದಲೇ ಒಂದು ಬಾಟ್ಲಿ ತುಂಬಿಸಿ, ಮೊದಲ ಐದು ನಿಮಿಷದ್ದು ಹಿಡೀರಿ. ಇನ್ನೊಂದು ನಿಮ್ಮ ಅಡುಗೆಮನೆ ನಳ್ಳಿಯಿಂದ. ಎರಡೂ ಮುಚ್ಚಿ ಒಂದು ಗಂಟೆ ಇಡಿ, ಆಮೇಲೆ ಮುಚ್ಚಳ ತೆಗೆದು ಮೂಸಿ ನೋಡಿ, ಬೆಳಕಿಗೆ ಹಿಡಿದು ತಳದಲ್ಲಿ ಏನು ಕೂತಿದೆ ಅಂತ ನೋಡಿ. ಕೆಳಗಿನದು ಸ್ವಚ್ಛ, ಮೇಲಿನದು ವಾಸನೆ ಅಂದ್ರೆ ನಿಮ್ಮ ಟ್ಯಾಂಕಿಂದೇ ತಕರಾರು. ಸೊಸೈಟಿಯವರು ಟ್ಯಾಂಕ್ ಕ್ಲೀನ್ ಮಾಡಿಸ್ಬೇಕು, ಮುಚ್ಚಳ ನೋಡ್ಬೇಕು, ಪಕ್ಕದಲ್ಲಿ ಡ್ರೈನೇಜ್ ಚೇಂಬರ್ ಸೋರ್ತಾ ಉಂಟಾ ನೋಡ್ಬೇಕು. ಪಾಲಿಕೆಗೆ ಬೈದು ಪ್ರಯೋಜನ ಇಲ್ಲ. ಎರಡೂ ವಾಸನೆ ಅಂದ್ರೆ ಹೊರಗಿನದು. ಆಗ 1916ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ನಂಬರ್ ಬರ್ಕೊಳ್ಳಿ, ಜೊತೆಗೆ ಸೊಸೈಟಿ ಲೆಟರ್‌ಹೆಡ್‌ನಲ್ಲಿ ವಾರ್ಡ್ ಆಫೀಸಿನ ವಾಟರ್ ವರ್ಕ್ಸ್ ವಿಭಾಗಕ್ಕೆ ಅರ್ಜಿ, "ಕಲುಷಿತ ನೀರು ಬರ್ತಿದೆ, ಸ್ಯಾಂಪಲ್ ತೆಗೆದು ಪರೀಕ್ಷೆ ಮಾಡ್ಸಿ" ಅಂತ ಸ್ಪಷ್ಟ ಬರೀರಿ, ಯಾವ ತಾರೀಕಿಂದ, ಎಷ್ಟು ಗಂಟೆಗೆ, ಎಷ್ಟು ಮನೆಗೆ ಅಂತ ಹಾಕಿ. ಮರಾಠೀಲಿ ಬರೆದ್ರೆ ಕೆಲಸ ಬೇಗ, ನಿಮ್ಮ ಮಗ ಇಲ್ಲಿಯ ಶಾಲೇಲಿ ಕಲಿತವನು, ಬರೀತಾನೆ. ಎರಡು ಪ್ರತಿ ತಗೊಂಡು ಹೋಗಿ, ಒಂದ್ರ ಮೇಲೆ ಇನ್‌ವರ್ಡ್ ಸಿಕ್ಕಾ (ಅರ್ಜಿ ಬಂತು ಅನ್ನೋ ಮೊಹರು) ಹಾಕಿಸ್ಕೊಂಡು ವಾಪಸ್ ತನ್ನಿ. ಸಿಕ್ಕಾ ಇಲ್ಲದ ಅರ್ಜಿ ಕೊಟ್ಟ ಹಾಗೇ ಅಲ್ಲ. ಅಲ್ಲಿ ತನಕ ಮೊದಲ ನೀರು ಚೆಲ್ಲಿಬಿಡಿ, ಕುಡಿಯೋದನ್ನ ಚೆನ್ನಾಗಿ ಕುದಿಸಿ. ಮನೇಲಿ ಯಾರಿಗಾದ್ರೂ ಭೇದಿ, ಜ್ವರ, ಕಣ್ಣು ಹಳದಿ ಆದ್ರೆ ಕಷಾಯ ಮಾಡ್ತಾ ಕೂರ್ಬೇಡಿ, ಪಾಲಿಕೆ ದವಾಖಾನೆಗೆ ಹೋಗಿ.

(ಡೊಂಬಿವಲಿ, ಠಾಣೆ, ನವಿ ಮುಂಬಯಿ, ಮೀರಾ ರೋಡ್, ವಸಾಯಿಯ ಓದುಗರು ಗಮನಿಸಿ, ನಿಮ್ಮ ಪಾಲಿಕೆಗಳೇ ಬೇರೆ, ಈ 1916 ಮುಂಬಯಿಯವರಿಗೆ ಹೇಳಿದ್ದು. ಕರೆಂಟಿಗೂ ಹಾಗೇ: ಕೊಲಾಬಾದಿಂದ ಮಾಹಿಮ್-ಸಾಯನ್ ತನಕ ಬೆಸ್ಟ್, ಉಪನಗರದ ಹೆಚ್ಚಿನ ಕಡೆ ಅದಾನಿ ಇಲ್ಲಾ ಟಾಟಾ, ಭಾಂಡುಪ್ ಮುಲುಂಡ್ ಕಡೆ ಮಹಾವಿತರಣ. ಬಿಲ್ ಮೇಲೆ ಯಾರ ಹೆಸರುಂಟೋ ಅವರಿಗೇ ಹೇಳ್ಬೇಕು. "ಇವತ್ತು ರಾತ್ರಿ ಕರೆಂಟ್ ಕಟ್ ಆಗ್ತದೆ, ಈ ನಂಬರಿಗೆ ಫೋನ್ ಮಾಡಿ" ಅಂತ ಮೆಸೇಜ್ ಬಂದ್ರೆ ಅದು ಮೋಸ, ಮನೇಲಿರೋ ಹಿರಿಯರಿಗೆ ಇದೊಂದು ಹೇಳಿಡಿ.)

ಮಗನ ಸರ್ಟಿಫಿಕೇಟ್ ವಿಷಯಕ್ಕೆ ಬರ್ತೇನೆ. ಇದು ನಿಮ್ಮೊಬ್ಬರದ್ದಲ್ಲ, ಮುಂಬಯಿಯ ಅರ್ಧ ತುಳು-ಕನ್ನಡದವರ ಮನೆ ಕಥೆ. ಹೆರಿಗೆಗೆ ತವರುಮನೆಗೆ ಹೋಗೋದು ನಮ್ಮಲ್ಲಿ ಪದ್ಧತಿ, ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಬಸ್ ಹತ್ತಿಸ್ತಾರೆ, ಮಗುಗೆ ಮೂರು ತಿಂಗಳಾದ್ಮೇಲೆ ವಾಪಸ್ ಬರೋದು. ಕಾನೂನು ನೋಡಿದ್ರೆ, 1969ರ ಜನನ-ಮರಣ ನೋಂದಣಿ ಕಾಯ್ದೆ ಪ್ರಕಾರ ಮಗು ಎಲ್ಲಿ ಹುಟ್ಟಿತೋ ಅಲ್ಲೇ ದಾಖಲೆ, ಅಪ್ಪ ಅಮ್ಮ ಎಲ್ಲಿ ಬಾಡಿಗೆ ಕಟ್ತಾರೆ ಅಂತ ಯಾರೂ ಕೇಳೋದಿಲ್ಲ. ಹಾಗಾಗಿ ಇಲ್ಲಿಯವರು ಕೊಡೋದಿಲ್ಲ ಅಂದಿದ್ದು ಸರಿಯೇ, ಅವರ ರಿಜಿಸ್ಟರಲ್ಲಿ ನಿಮ್ಮ ಮಗ ಇಲ್ಲವೇ ಇಲ್ಲ. ಆಸ್ಪತ್ರೆ ಕಾರ್ಕಳ ಪೇಟೇಲಿದ್ರೆ ಪುರಸಭೇಲಿ ಕೇಳ್ಬೇಕು. ಹಳ್ಳಿ ಮನೇಲಿ ಹುಟ್ಟಿದವರದ್ದಾದ್ರೆ ಹಳೇ ರಿಜಿಸ್ಟರ್‌ಗಳ ವಿಚಾರ ತಾಲೂಕು ಆಫೀಸಲ್ಲಿ. ಹುಟ್ಟಿದ ತಾರೀಕು, ಆಸ್ಪತ್ರೆ ಹೆಸರು, ಆಗಿನ ಅಮ್ಮನ ಹೆಸರು ಹೇಗೆ ಬರೆಸಿದ್ರು ಅನ್ನೋದು ಮೂರನ್ನೂ ಚೀಟೀಲಿ ಬರೆದು ಊರಲ್ಲಿರೋ ತಮ್ಮನ ಕೈಗೆ ಕೊಡಿ, ಹುಡುಕ್ಲಿಕ್ಕೆ ಸುಲಭ. ನೋಂದಣಿಯೇ ಆಗಿಲ್ಲ ಅಂತಾದ್ರೆ ಮೊದಲು "ದಾಖಲೆ ಲಭ್ಯವಿಲ್ಲ" ಅನ್ನೋ ಸರ್ಟಿಫಿಕೇಟ್ ತಗೋಬೇಕು, ಆಮೇಲೆ ತಡವಾದ ನೋಂದಣಿಗೆ ಅಧಿಕಾರಿಯ ಆದೇಶ. ಮುಂಚೆ ಇದಕ್ಕೆ ಕೋರ್ಟಿಗೆ ಓಡಾಟ ಇತ್ತು, 2023ರ ತಿದ್ದುಪಡಿ ಆದ್ಮೇಲೆ ಜಿಲ್ಲಾ ಮಟ್ಟದ ಮ್ಯಾಜಿಸ್ಟ್ರೇಟ್ ಅಥವಾ ಅವರು ನೇಮಿಸಿದ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್ ಹತ್ರವೇ ಆಗ್ತದೆ.

ಆದ್ರೆ ತಡೀರಿ, ಊರಿಗೆ ಟಿಕೆಟ್ ಬುಕ್ ಮಾಡೋ ಮುಂಚೆ ಇದೊಂದು ಓದಿ. ಪಾಸ್‌ಪೋರ್ಟ್‌ಗೆ ಬರ್ತ್ ಸರ್ಟಿಫಿಕೇಟೇ ಬೇಕು ಅನ್ನೋ ನಿಯಮ 2023ರ ಅಕ್ಟೋಬರ್ 1 ಮತ್ತು ಆಮೇಲೆ ಹುಟ್ಟಿದವರಿಗೆ. ನಿಮ್ಮ ಮಗ 2001ರವನು, ಅವನಿಗೆ ಸ್ಕೂಲ್ ಲೀವಿಂಗ್ ಸರ್ಟಿಫಿಕೇಟ್, ಪ್ಯಾನ್ ಕಾರ್ಡ್ ತರದ್ದು ಹುಟ್ಟಿದ ದಿನಾಂಕಕ್ಕೆ ಆಗ್ತದೆ. ಮುಂದೆ ಹೊರದೇಶದಲ್ಲಿ ವೀಸಾದವರು ಕೇಳ್ಬಹುದು ಅಂತ ಊರಿಂದ ತರಿಸಿ ಇಡೋದು ಒಳ್ಳೇದೇ, ಆದ್ರೆ ಅದಕ್ಕೋಸ್ಕರ ಪಾಸ್‌ಪೋರ್ಟ್ ಅರ್ಜಿ ನಿಲ್ಲಿಸ್ಬೇಕಾಗಿಲ್ಲ.

ಅದಕ್ಕಿಂತ ದೊಡ್ಡ ತಲೆನೋವು ಹೆಸರಿಂದು. ಊರಿನ ದಾಖಲೇಲಿ ಹೆಸರು, ಒಂದು ಇನಿಶಿಯಲ್, ಅಷ್ಟೇ. ಇಲ್ಲಿ ಶಾಲೆಗೆ ಹಾಕಿದ ದಿನ ಮಾಸ್ತರು ಮಧ್ಯದಲ್ಲಿ ಅಪ್ಪನ ಹೆಸರು ಸೇರಿಸ್ತಾರೆ, ಕೊನೇಲಿ ಪೂಜಾರಿ, ಶೆಟ್ಟಿ, ಆಚಾರ್ಯ ಏನೋ ಒಂದು. ಅಮ್ಮನದ್ದು ಮದುವೆ ಆದ್ಮೇಲೆ ಇನ್ನೊಂದು ತರ. ಹೀಗೆ ಒಬ್ಬನೇ ಹುಡುಗ ಮೂರು ಕಾಗದದಲ್ಲಿ ಮೂರು ಜನ ಆಗಿರ್ತಾನೆ. ಸಣ್ಣ ವ್ಯತ್ಯಾಸ ಆದ್ರೆ ಅಫಿಡವಿಟ್‌ನಲ್ಲಿ ಮುಗೀಬಹುದು, ಹೆಸರೇ ಬೇರೆ ಆಗಿದ್ರೆ ಮಹಾರಾಷ್ಟ್ರ ಸರ್ಕಾರದ ಗೆಜೆಟಲ್ಲಿ ಹೆಸರು ಬದಲಾವಣೆ ಹಾಕಿಸೋದೇ ದಾರಿ, ಅದನ್ನ ಈಗ ಆನ್‌ಲೈನ್ ಅರ್ಜೀಲೇ ಮಾಡ್ಬಹುದು. ಮತ್ತೆ ಸಣ್ಣ ಮಕ್ಕಳಿರೋರು ಇವತ್ತೇ ಸರ್ಟಿಫಿಕೇಟ್ ತೆಗೆದು ನೋಡಿ, ನಾಮಕರಣಕ್ಕೆ ಮುಂಚೆ ಬರೆಸಿದ್ದಾದ್ರೆ ಹೆಸರಿನ ಜಾಗ ಖಾಲಿ ಇರ್ತದೆ. ಹೆಸರು ಸೇರಿಸ್ಲಿಕ್ಕೆ ಹದಿನೈದು ವರ್ಷ ತನಕ ಅವಕಾಶ ಉಂಟು, ಹತ್ತನೇ ಕ್ಲಾಸಿಗೆ ಬಂದ್ಮೇಲೆ ನೆನಪಾದ್ರೆ ಕಷ್ಟ.

ಒಂದು ಪುಟ ಇಡ್ಲಿಕ್ಕೆ ಆಗೋದಿಲ್ವಾ ಅಂತ ಕೇಳಿದ್ರಿ. ಇಡ್ತೇವೆ. ಆದ್ರೆ ನಾನೊಬ್ಬ ಆಫೀಸಲ್ಲಿ ಕೂತು ಬರೆದ್ರೆ ಅದು ಸರ್ಕಾರಿ ಪ್ರಕಟಣೆ ತರ ಆಗ್ತದೆ, ಯಾರೂ ಓದೋದಿಲ್ಲ. ಇದನ್ನ ಮಾಡ್ಬೇಕಾದ್ದು ನಮ್ಮ ಸಂಘಗಳು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಬಂಟರ ಸಂಘ 1927ರದ್ದು, ಬಿಲ್ಲವರ ಅಸೋಸಿಯೇಷನ್ 1932ರದ್ದು. ಆಗ ಈ ಊರಿಗೆ ಬಂದ ಹುಡುಗರು ಹಗಲು ಕಪ್ಪು-ಬಸಿ ತೊಳೆದು ರಾತ್ರಿ ಕನ್ನಡ ನೈಟ್ ಸ್ಕೂಲಲ್ಲಿ ಕಲಿತ್ರು, ರೂಮು, ಕೆಲಸ, ಕಾಗದಪತ್ರ ಎಲ್ಲ ಸಂಘದವರೇ ನೋಡ್ತಿದ್ರು. ಅಂದ್ರೆ ಸಂಘ ಅನ್ನೋದೇ ಶುರುವಲ್ಲಿ ನೀವು ಕೇಳ್ತಿರೋ ಈ ಪುಟ ಆಗಿತ್ತು, ಸನ್ಮಾನ ಆಮೇಲೆ ಬಂದದ್ದು. ಈಗ ಉಪನಗರಗಳಲ್ಲಿ ಅವುಗಳ ಸ್ಥಳೀಯ ಕಚೇರಿ, ಪ್ರಾದೇಶಿಕ ಸಮಿತಿ ಅಂತ ಇವೆ, ಹಾಲ್ ಉಂಟು, ಕುರ್ಚಿ ಉಂಟು, ರಿಟೈರ್ ಆದ ಬ್ಯಾಂಕಿನವರು, ಪಾಲಿಕೆಯ ಕನ್ನಡ ಶಾಲೇಲಿ ಕಲಿಸಿದ ಟೀಚರುಗಳು ಇದ್ದಾರೆ. ಭಜನೆ ಮುಗಿದ ಮೇಲೆ ವಾರಕ್ಕೆ ಒಂದು ಗಂಟೆ ಅವರು ಕೂತು ಬಂದವರ ಫಾರ್ಮ್ ತುಂಬಿಸಿ ಕೊಡ್ಲಿ, ವಾಸನೆ ನೀರಿನ ಕಂಪ್ಲೇಂಟಿಗೆ ಅರ್ಜಿ ಬರೆದು ಕೊಡ್ಲಿ. ಯಾವ ಸಮಿತಿ ಇದನ್ನ ಶುರು ಮಾಡ್ತದೋ ಅವರ ಸುದ್ದಿಗೆ ಫೋಟೋ ಸಮೇತ ಜಾಗ ಕೊಡ್ತೇನೆ, ದುಡ್ಡು ಬೇಡ, ಶಾಲೂ ಬೇಡ. ಆ ಪುಟದ ಮೊದಲ ಬರಹ ನಿಮ್ಮ ಎರಡು ಬಾಟ್ಲಿ ಫಲಿತಾಂಶ ಆಗ್ಲಿ, ಯಾವುದು ವಾಸನೆ ಬಂತು ಅಂತ ಬರೆದು ಕಳಿಸಿ, ಹೆಸರು ಹಾಕೋದಿಲ್ಲ.

ಇನ್ನು ಬರದ ಎರಡು ಸಂಚಿಕೆ. ನಮ್ಮ ಚಂದಾ ಪುಸ್ತಕದಲ್ಲಿ ನಿಮ್ಮ ವಿಳಾಸ ಇನ್ನೂ ಘಾಟ್ಕೋಪರಿನ ಹಳೇ ಚಾಳದ್ದೇ ಉಂಟು ಅಕ್ಕ, ಭಾಂಡುಪಿಗೆ ಬಂದದ್ದು ನೀವು ನಮಗೆ ತಿಳಿಸಿರ್ಲಿಲ್ಲ. ಹೊಸ ವಿಳಾಸವನ್ನ ಪಿನ್ ಕೋಡ್ ಸಮೇತ ಒಂದು ಕಾರ್ಡಲ್ಲಿ ಬರೆದು ಹಾಕಿ, ಮುಂದಿನ ತಿಂಗಳಿಂದ ಬರ್ತದೆ. ಹೋದ ಎರಡು ಪ್ರತಿ ವಾಪಸ್ ಬಂದಿಲ್ಲ, ಆ ಖೋಲೀಲಿ ಈಗಿರೋರು ಓದ್ತಾ ಇದ್ದಾರೆ ಅಂತ ಕಾಣ್ತದೆ. ಗುರ್ತದವರಾದ್ರೆ ಅವರ ಹತ್ರ ಚಂದಾ ಕೇಳಿ ನೋಡಿ.